ವೈಟ್‌ಫೀಲ್ಡ್‌ನಿಂದ ಅದಿರಿನ ಜಾಡಿಗೆ: ಖನಿಜಾನ್ವೇಷಣೆಯ ಸ್ನಾತಕೋತ್ತರ ಓದು, ಹಂತ ಹಂತವಾಗಿ

ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದಿ, ಮುಂದೇನು ಎಂದು ತೋಚದೆ ವೈಟ್‌ಫೀಲ್ಡ್‌ನ ಕಾಲ್ ಸೆಂಟರಿಗೋ ಪೀಣ್ಯದ ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೋ ಸೇರಿಕೊಂಡವರು ಈ ಬರಹದ ಮೊದಲ ಓದುಗರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುತ್ತಾ, ಕಲ್ಲುಬಂಡೆಗಳ ಹುಚ್ಚು ಹತ್ತಿಸಿಕೊಂಡ ಎಂಜಿನಿಯರುಗಳು ಎರಡನೆಯವರು. ಇಬ್ಬರಿಗೂ ದಾರಿ ಒಂದೇ ಅಲ್ಲ. ಅದು ಗೊತ್ತಿಲ್ಲದೆ ಅರ್ಜಿ ಶುಲ್ಕ ಕಟ್ಟಿ ಕೈಸುಟ್ಟುಕೊಳ್ಳುವವರು ಪ್ರತಿವರ್ಷ ಇರುತ್ತಾರೆ.

ಹಂತ 1: ಕೆಲಸ ಏನೆಂದು ಮೊದಲು ತಿಳಿಯಿರಿ

ಗಣಿ ಎಂಜಿನಿಯರಿಂಗ್ ಬೇರೆ, ಗಣಿ ಮತ್ತು ಅನ್ವೇಷಣಾ ಭೂವಿಜ್ಞಾನ ಬೇರೆ. ಅದಿರು ಎಲ್ಲಿದೆ, ಎಷ್ಟಿದೆ, ಎಂಥದ್ದು ಎಂದು ಹೇಳುವವರು ಭೂವಿಜ್ಞಾನಿ. ಅದನ್ನು ಕುಸಿತವಿಲ್ಲದೆ, ಲೆಕ್ಕ ತಪ್ಪದೆ ಹೊರಗೆ ತರುವವರು ಎಂಜಿನಿಯರ್. ಎಂಜಿನಿಯರ್ ಆಗಬೇಕೆಂದರೆ ಕೆಜಿಎಫ್‌ನ ಊರಿಗಾಂನಲ್ಲಿರುವ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಕಾಲೇಜು, ಸುರತ್ಕಲ್‌ನ ಎನ್‌ಐಟಿಕೆ ಕಡೆ ನೋಡಿ. ಈ ಬರಹ ಭೂವಿಜ್ಞಾನಿ ಆಗಬೇಕೆನ್ನುವವರಿಗೆ.

ಅನ್ವೇಷಣೆ ನಾಲ್ಕು ಮೆಟ್ಟಿಲಿನಲ್ಲಿ ನಡೆಯುತ್ತದೆ. ಜಿ4 ಎಂದರೆ ಮೇಲ್ನೋಟದ ಶೋಧ, ಜಿ3 ಪ್ರಾಥಮಿಕ, ಜಿ2 ಸಾಮಾನ್ಯ, ಜಿ1 ವಿವರವಾದ ಅನ್ವೇಷಣೆ. ಮೆಟ್ಟಿಲು ಏರಿದಂತೆ ಕೊಳವೆಬಾವಿಗಳ ಹಾಗೆ ಕೊರೆಯುವ ರಂಧ್ರಗಳು ಹತ್ತಿರವಾಗುತ್ತವೆ, ಖರ್ಚು ಏರುತ್ತದೆ, ಅನುಮಾನ ಇಳಿಯುತ್ತದೆ. ಇದು ಗೊತ್ತಿದ್ದರೆ ಪತ್ರಿಕೆ ಓದುವ ರೀತಿಯೇ ಬದಲಾಗುತ್ತದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಲಿಥಿಯಂ ನೆನಪಿದೆಯೇ? 2020ರಲ್ಲಿ ಸುದ್ದಿಯಾದ ಅಂಕಿ 14,100 ಟನ್. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 1,600 ಟನ್, ಅದೂ ಇನ್ನೂ ಖಚಿತವಾಗದ ‘ಊಹಿತ’ ವರ್ಗದಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರ ಎಲ್ಲಿಂದ ಬಂತು ಎಂದು ಕೇಳುವ ಕುತೂಹಲ ನಿಮಗಿದ್ದರೆ ಈ ಓದು ನಿಮ್ಮದು. ‘ಸಿಕ್ಕಿತಂತೆ’ ಎಂಬಲ್ಲಿಗೇ ಕುತೂಹಲ ಮುಗಿಯುವುದಾದರೆ ಇನ್ನೊಮ್ಮೆ ಯೋಚಿಸಿ.

ಹಂತ 2: ಅಂಕಪಟ್ಟಿ ತೆಗೆದು ಮೇಜಿನ ಮೇಲಿಡಿ

ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಭೂವಿಜ್ಞಾನಕ್ಕೆ ಸಾಮಾನ್ಯವಾಗಿ ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಒಂದು ಮುಖ್ಯ ವಿಷಯವಾಗಿ ಇರಲೇಬೇಕು. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಮಾತ್ರ ಓದಿದವರಿಗೆ ಇಲ್ಲಿ ಬಾಗಿಲು ತೆರೆಯುವುದು ಕಷ್ಟ. ಕಂಪ್ಯೂಟರ್ ಸೈನ್ಸ್ ಬಿ.ಇ. ಆದವರಿಗೂ ಅಷ್ಟೇ. ಅವರಿಗೆ ಹತ್ತಿರದ ದಾರಿ ಜಿಯೋಇನ್ಫರ್ಮ್ಯಾಟಿಕ್ಸ್, ದೂರಸಂವೇದಿ, ಭೂಭೌತವಿಜ್ಞಾನದ ಕಡೆಯಿಂದ ಬರುವುದು. ಧನಬಾದ್‌ನ ಐಐಟಿ ನಡೆಸುವ ಎಂ.ಟೆಕ್. ಖನಿಜಾನ್ವೇಷಣೆ ಹೆಸರಿನಲ್ಲಿ ಆಕರ್ಷಕವಾಗಿದೆ. ಆದರೆ ಅದು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದವರ ಮುಂದಿನ ಮೆಟ್ಟಿಲು, ಮೊದಲ ಮೆಟ್ಟಿಲಲ್ಲ.

ಪ್ರತಿ ಸಂಸ್ಥೆಯ ಆ ವರ್ಷದ ಕೈಪಿಡಿಯಲ್ಲಿ ಅರ್ಹತೆಯ ಪುಟವನ್ನು ಎರಡು ಸಲ ಓದಿ. ಎಷ್ಟು ಸೆಮಿಸ್ಟರ್ ಭೂವಿಜ್ಞಾನ, ಜೊತೆಗೆ ಗಣಿತ ಬೇಕೇ ಬೇಡವೇ ಎಂಬುದು ಒಂದೊಂದು ಕಡೆ ಒಂದೊಂದು ಥರ. ಸ್ನೇಹಿತರ ವಾಟ್ಸ್‌ಆ್ಯಪ್ ಮಾತನ್ನು ಇದಕ್ಕೆ ಆಧಾರ ಮಾಡಿಕೊಳ್ಳಬೇಡಿ.

ಕೆಲಸ ಬಿಡದೆ ಸಂಜೆ ತರಗತಿಯಲ್ಲಿ ಮುಗಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಕಷ್ಟ. ಸೂಕ್ಷ್ಮದರ್ಶಕದ ಮುಂದೆ ಕೂರಬೇಕು, ವಾರಗಟ್ಟಲೆ ಫೀಲ್ಡಿಗೆ ಹೋಗಬೇಕು. ಪೂರ್ತಿ ಎರಡು ವರ್ಷ ಇದಕ್ಕೇ ಕೊಡುವ ಲೆಕ್ಕದಲ್ಲಿ ಹಣ ಕೂಡಿಡಿ.

ಹಂತ 3: ವಿಭಾಗವನ್ನು ಅದರ ಸುತ್ತಲಿನ ಶಿಲೆ ನೋಡಿ ಆರಿಸಿ

ರ‍್ಯಾಂಕಿಂಗ್ ಪಟ್ಟಿಗಿಂತ ನಕ್ಷೆ ಒಳ್ಳೆಯ ಸಲಹೆಗಾರ. ಕರ್ನಾಟಕದ ಬಹುಭಾಗ ಧಾರವಾಡ ಕ್ರೇಟಾನ್ ಎಂಬ ಪುರಾತನ ಶಿಲಾಖಂಡ. ಅದರ ಮೈಮೇಲೆ ಉದ್ದುದ್ದಕ್ಕೆ ಹರಿದ ಶಿಸ್ಟ್ ಪಟ್ಟಿಗಳಲ್ಲೇ ಚಿನ್ನ, ಕಬ್ಬಿಣ, ಮ್ಯಾಂಗನೀಸ್, ತಾಮ್ರ ಎಲ್ಲ ಇರುವುದು.

ಮನೆಯಿಂದ ಓಡಾಡಬೇಕು ಎನ್ನುವವರಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ವೈಟ್‌ಫೀಲ್ಡ್ ಕಾಡುಗೋಡಿಯಲ್ಲಿ ಹತ್ತಿದವರು ಎಲ್ಲೂ ಇಳಿಯದೆ ಜ್ಞಾನಭಾರತಿ ನಿಲ್ದಾಣಕ್ಕೆ ಬರಬಹುದು. ಗಂಟೆಗೂ ಮೇಲೆ ಹಿಡಿಯುತ್ತದೆ, ಓದಿಕೊಂಡು ಬನ್ನಿ. ಪೀಣ್ಯದವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವಿದೆ, ಆದರೆ ಆರ್.ವಿ. ರಸ್ತೆ, ಮೆಜೆಸ್ಟಿಕ್ ಎರಡೂ ಕಡೆ ಇಳಿದು ಹತ್ತಬೇಕು.

ಊರು ಬಿಡಲು ಸಿದ್ಧರಿದ್ದರೆ ಆಯ್ಕೆ ಹಿಗ್ಗುತ್ತದೆ. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇವೆ. ಮಂಗಳೂರು ವಿಶ್ವವಿದ್ಯಾಲಯದ ಒಲವು ಸಾಗರ ಭೂವಿಜ್ಞಾನದ ಕಡೆಗೆ. ಅದಿರಿನ ಮೇಲೇ ಕಣ್ಣಿಟ್ಟವರು ಸಂಡೂರಿನ ನಂದಿಹಳ್ಳಿಯನ್ನು ಮರೆಯಬಾರದು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಈ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯ ಓದು ಇದೆ, ಸುತ್ತ ಕಬ್ಬಿಣ ಮತ್ತು ಮ್ಯಾಂಗನೀಸ್ ಗಣಿಗಳು. ಬೆಂಗಳೂರಿನ ಹೆಸರಿಗೆ ಜೋತುಬಿದ್ದು ನಂದಿಹಳ್ಳಿಯಂಥ ಜಾಗವನ್ನು ನೋಡದೆ ಬಿಡುವುದು ದಡ್ಡತನ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ತರಗತಿ ಮುಗಿಸಿ ಹೊರಬಂದರೆ ಪಠ್ಯವೇ ಎದುರಿಗೆ ನಿಂತಿರುತ್ತದೆ.

ಹಂತ 4: ಪರೀಕ್ಷೆ, ಅರ್ಜಿ, ಕಾಗದಪತ್ರ

ಬಾಂಬೆ, ಖರಗ್‌ಪುರ, ರೂರ್ಕಿ, ಧನಬಾದ್‌ನಂಥ ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ. ಭೂವಿಜ್ಞಾನ ಪತ್ರಿಕೆ 3 ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ 30 ಪ್ರಶ್ನೆಗಳಿಗೆ ಒಂದೇ ಸರಿಯುತ್ತರ, 10ಕ್ಕೆ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು, 20ಕ್ಕೆ ಉತ್ತರವಾಗಿ ಸಂಖ್ಯೆ ಬರೆಯಬೇಕು. ತಪ್ಪಿಗೆ ಅಂಕ ಕಳೆಯುವುದು ಮೊದಲ ಗುಂಪಿನಲ್ಲಿ ಮಾತ್ರ. ಹಾಗಾಗಿ ಉಳಿದ ಎರಡು ಗುಂಪಿನಲ್ಲಿ ಖಾಲಿ ಬಿಟ್ಟು ಬರುವುದರಲ್ಲಿ ಅರ್ಥವಿಲ್ಲ. ಅರ್ಜಿ ಸೆಪ್ಟೆಂಬರ್ ಸುಮಾರಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ. ಎಂ.ಟೆಕ್. ಯೋಚನೆ ಇರುವವರಿಗೆ ಗೇಟ್, ಅದರಲ್ಲಿ ಭೂವಿಜ್ಞಾನ ಮತ್ತು ಭೂಭೌತವಿಜ್ಞಾನಕ್ಕೆ ಸೇರಿ ಒಂದೇ ಪತ್ರಿಕೆ.

ರಾಜ್ಯದ ವಿಶ್ವವಿದ್ಯಾಲಯಗಳಿಗೆ ಹೋಗುವವರು ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದಿಂದ ಬಂದು ಇಲ್ಲಿ ದುಡಿಯುತ್ತಿರುವವರು 371(ಜೆ) ಪ್ರಮಾಣಪತ್ರವನ್ನೂ ಜೊತೆಗಿಡಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್.

ಹಂತ 5: ಭಾನುವಾರಗಳನ್ನು ಬಂಡೆಗೆ ಕೊಡಿ

ಪ್ರವೇಶ ಸಿಗುವವರೆಗೆ ಕಾಯಬೇಡಿ. ಬೇಕಾದ ಸಾಮಾನು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಗಟ್ಟಿ ರಟ್ಟಿನ ನೋಟ್‌ಬುಕ್ಕು, ಪೆನ್ಸಿಲ್, ಅಳತೆಗೆ ಒಂದು ಪಟ್ಟಿ. ಬ್ರಂಟನ್ ಕಾಂಪಸ್ ದುಬಾರಿ, ವಿಭಾಗದಲ್ಲಿ ಸಿಗುತ್ತದೆ. ಸದ್ಯಕ್ಕೆ ಸಾದಾ ಕ್ಲೈನೋಮೀಟರ್ ಸಾಕು.

ಮೊದಲ ಭಾನುವಾರ ಲಾಲ್‌ಬಾಗ್. ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಿಳಿ, ಬೂದು ಪಟ್ಟಿಗಳು ಎಲ್ಲಿ ಬಾಗುತ್ತವೆ, ಯಾವ ಪಟ್ಟಿ ಯಾವುದನ್ನು ಕತ್ತರಿಸಿ ಹೋಗಿದೆ ನೋಡಿ. ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ಇಡೀ ಅನ್ವೇಷಣಾ ವಿದ್ಯೆಯಲ್ಲಿ ಇಷ್ಟು ಸರಳವಾಗಿ, ಇಷ್ಟು ಉಪಯೋಗಕ್ಕೆ ಬರುವ ನಿಯಮ ಇನ್ನೊಂದಿಲ್ಲ. ಸುತ್ತಿಗೆ ಮನೆಯಲ್ಲೇ ಇರಲಿ, ಸ್ಮಾರಕದ ಮೇಲೆ ಒಂದು ಏಟೂ ಬೀಳಬಾರದು. ಮುಂದಿನ ವಾರ ರಾಮನಗರ. ಅಲ್ಲಿಯದು ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟ್ ಗ್ರಾನೈಟ್, ಬೆರಳುದ್ದದ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳನ್ನು ಬರಿಗಣ್ಣಿಗೇ ಕಾಣಬಹುದು. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಗದ್ದಲ ಬೇಡ.

ಆಮೇಲೆ ಕೆಜಿಎಫ್. ವೈಟ್‌ಫೀಲ್ಡ್ ನಿಲ್ದಾಣದಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಬಂಗಾರಪೇಟೆ ದಾಟಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರಿನ ನಿಲ್ದಾಣಗಳೇ ಬರುತ್ತವೆ. ಬೆಳಗ್ಗೆ ಇದೇ ರೈಲುಗಳು ಎದುರು ದಿಕ್ಕಿನಲ್ಲಿ ತುಂಬಿ ತುಳುಕುತ್ತಾ ಬರುತ್ತವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮಕ್ಕಳು ದುಡಿಯಲು ಬರುವುದು ಬೆಂಗಳೂರಿಗೆ. 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯನ್ನು ಈಗ ಹೊರಗಿನಿಂದಷ್ಟೇ ನೋಡಬೇಕು. ಅದಿರು ಅರೆದು ಉಳಿದ ತ್ಯಾಜ್ಯದ ಸೈನೈಡ್ ಗುಡ್ಡಗಳನ್ನು ಹತ್ತುವುದು, ಮಣ್ಣು ಮುಟ್ಟುವುದು ಬೇಡ. ಇಲ್ಲಿ ಕಲಿಯಬೇಕಾದ್ದು ಒಂದು ಲೆಕ್ಕ: ಚಿನ್ನದ ಅದಿರಿನ ಗುಣವನ್ನು ಟನ್ನಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ಆಳ ಹೆಚ್ಚಿದಂತೆ ಆ ಗ್ರಾಂಗಳನ್ನು ಮೇಲೆ ತರುವ ಖರ್ಚು ಏರುತ್ತದೆ, ಎಲ್ಲೋ ಒಂದು ಕಡೆ ಅದಿರು ಬರಿಯ ಕಲ್ಲಾಗುತ್ತದೆ. ಕಲ್ಲು ಅದೇ, ಬದಲಾದದ್ದು ಖರ್ಚು.

ಹೋದಲ್ಲೆಲ್ಲ ನೋಟ್‌ಬುಕ್ಕಿನಲ್ಲಿ ಜಾಗ, ದಿನಾಂಕ, ಶಿಲೆಯ ಬಣ್ಣ, ಹರಳಿನ ಗಾತ್ರ, ಪದರ ಓಡುವ ದಿಕ್ಕು, ವಾಲಿದ ಕೋನ ಬರೆಯಿರಿ. ಕೈಚಿತ್ರ ಕಡ್ಡಾಯ. ಫೋಟೊ ತೆಗೆದರೆ ಕಣ್ಣು ಸುಮ್ಮನಾಗಿಬಿಡುತ್ತದೆ, ಚಿತ್ರ ಬರೆಯುವಾಗ ಕಣ್ಣಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸಂದರ್ಶನಗಳಲ್ಲಿ ಪ್ರಮಾಣಪತ್ರಗಳ ಕಟ್ಟಿಗಿಂತ ಈ ನೋಟ್‌ಬುಕ್ಕು ಜೋರಾಗಿ ಮಾತಾಡುತ್ತದೆ.

ಓದಲು ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಥನ್ ಅವರ ‘ಜಿಯಾಲಜಿ ಆಫ್ ಕರ್ನಾಟಕ’ ಇರಲಿ. ಅದನ್ನು ಹೊರತಂದ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 1958ರಿಂದ ಬೆಂಗಳೂರಿನಲ್ಲೇ ಇದೆ. ಕನ್ನಡದಲ್ಲಿ ಟಿ.ಆರ್. ಅನಂತರಾಮು ಅವರ ಬರಹಗಳಿಂದ ಶುರುಮಾಡಿ.

ಹಂತ 6: ಐಟಿ ಕೈಚಳಕವನ್ನು ಎಸೆಯಬೇಡಿ

ಐಟಿಯಲ್ಲಿ ದುಡಿದವರಿಗೆ ಇರುವ ದೊಡ್ಡ ಅನುಕೂಲ ಇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ತಾಣದಲ್ಲಿ 1:50,000 ಪ್ರಮಾಣದ ನಕ್ಷೆಗಳು ಉಚಿತ. 2023ರ ಡಿಸೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವೂ ಇದೆ. ಕ್ಯೂಜಿಐಎಸ್ ಉಚಿತ ತಂತ್ರಾಂಶ. ಕೋಲಾರ ಶಿಸ್ಟ್ ಪಟ್ಟಿಯ ನಕ್ಷೆ ಇಳಿಸಿಕೊಂಡು, ನೀವು ನಡೆದು ನೋಡಿದ ಜಾಗಗಳನ್ನು ಅದರ ಮೇಲೆ ಗುರುತಿಸಿ.

ಮುಂದೆ ಜಿಯೋಸ್ಟ್ಯಾಟಿಸ್ಟಿಕ್ಸ್ ಕಲಿಯಿರಿ. ಅಲ್ಲಲ್ಲಿ ಕೊರೆದ ರಂಧ್ರಗಳ ಮಾದರಿಯಿಂದ, ಕೊರೆಯದ ಜಾಗದಲ್ಲಿ ಅದಿರು ಎಷ್ಟಿರಬಹುದು ಎಂದು ಅಂದಾಜಿಸುವ ಗಣಿತ ಅದು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿದ ಡ್ಯಾನಿ ಕ್ರೀಗ್ ಅವರ 1951ರ ಕೆಲಸದಿಂದ ಬೆಳೆದ ಇದರ ಮುಖ್ಯ ವಿಧಾನ ಅವರ ಹೆಸರಿನಿಂದಲೇ ಕ್ರಿಗಿಂಗ್ ಎನಿಸಿಕೊಂಡಿದೆ. ಪೈಥಾನ್ ಬಲ್ಲವರಿಗೆ ಇದು ಬೇಗ ಒಲಿಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಕೊರೆದು ತೆಗೆದು ಕೋರ್ ಪೆಟ್ಟಿಗೆಯಲ್ಲಿಟ್ಟ ಕಲ್ಲನ್ನು ಮುಟ್ಟಿ ನೋಡದವರು ಮಾಡಿದ ಮೂರು ಆಯಾಮದ ಮಾದರಿ ಎಷ್ಟೇ ಚೆನ್ನಾಗಿ ಕಂಡರೂ ನಂಬಲು ಬಾರದು. ಕೊರೆಯುವಾಗ ಪುಡಿಯಾಗಿ ಕಳೆದುಹೋದ ಅರ್ಧ ಮೀಟರಿನಲ್ಲೇ ಚಿನ್ನವಿದ್ದಿರಬಹುದು, ಅದು ಎಕ್ಸೆಲ್ ಶೀಟಿನಲ್ಲಿ ಖಾಲಿ ಚೌಕ ಅಷ್ಟೆ.

ಹಂತ 7: ಸೇರಿದ ಮೇಲೆ ಕಚೇರಿಗಳ ಬಾಗಿಲು ತಟ್ಟಿ

ಪ್ರಬಂಧದ ವಿಷಯವನ್ನು ಕೊನೆಯ ಸೆಮಿಸ್ಟರಿನವರೆಗೆ ಎಳೆಯಬೇಡಿ. ಬೆಂಗಳೂರಿನಷ್ಟು ಈ ಕ್ಷೇತ್ರದ ಕಚೇರಿಗಳು ಒಂದೆಡೆ ಇರುವ ಊರು ಅಪರೂಪ. ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಈಚೆ ಬಂದರೆ ಗೊರಗುಂಟೆಪಾಳ್ಯದಲ್ಲಿ ಭಾರತೀಯ ಗಣಿ ಬ್ಯೂರೋ. ಜ್ಞಾನಭಾರತಿಯ ಪಕ್ಕದ ನಾಗರಭಾವಿಯಲ್ಲಿ ಪರಮಾಣು ಖನಿಜ ನಿರ್ದೇಶನಾಲಯ. ಕುಮಾರಸ್ವಾಮಿ ಲೇಔಟಿನಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. ಎಚ್‌ಎಸ್‌ಆರ್ ಲೇಔಟಿನಲ್ಲಿ ಕೇಂದ್ರ ಅಂತರ್ಜಲ ಮಂಡಳಿ. ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, 1894ರಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ಕಟ್ಟಿ ನಿಲ್ಲಿಸಿದ ಮೈಸೂರು ಸಂಸ್ಥಾನದ ಇಲಾಖೆಯ ವಾರಸುದಾರ. ನಿಮ್ಮ ವಿಭಾಗದ ಮುಖ್ಯಸ್ಥರ ಸಹಿಯಿರುವ ಪತ್ರ, ಒಂದು ಪುಟದ ಯೋಜನೆ ಹಿಡಿದು ಹೋಗಿ. ‘ಏನಾದರೂ ವಿಷಯ ಕೊಡಿ ಸಾರ್’ ಎಂದು ಬರಿಗೈಯಲ್ಲಿ ನಿಂತವರಿಗೆ ನಾಳೆ ಬಾ ಎಂಬ ಉತ್ತರವೇ ಗತಿ.

ಹಂತ 8: ಕೆಲಸದ ಕಡೆ

ಎಂ.ಎಸ್ಸಿ.ಯ ಕೊನೆಯ ವರ್ಷದಲ್ಲೇ ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ ಅರ್ಜಿ ಹಾಕಬಹುದು. ವಯೋಮಿತಿ ಸಾಮಾನ್ಯವಾಗಿ 21ರಿಂದ 32, ಮೀಸಲಾತಿ ಇರುವವರಿಗೆ ಸಡಿಲಿಕೆ. ಐಟಿಯಲ್ಲಿ ಏಳೆಂಟು ವರ್ಷ ಕಳೆದು ಬರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ, ದೋಣಿಮಲೈಯ ಎನ್‌ಎಂಡಿಸಿ, ಖಾಸಗಿ ಅನ್ವೇಷಣಾ ಸಂಸ್ಥೆಗಳ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಹೆಣ್ಣುಮಕ್ಕಳಿಗೆ ಗಣಿಯೊಳಗೆ ಪ್ರವೇಶವಿಲ್ಲ ಎಂದು ಮನೆಯಲ್ಲಿ ಹಿರಿಯರು ಹೇಳಿದರೆ, ಆ ನಿಯಮ 2019ರಲ್ಲಿ ಬದಲಾಗಿದೆ ಎಂದು ತಿಳಿಸಿ. ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಲ್ಲಿರುವ ಮಹಿಳೆಯರು ಬೆಳಗ್ಗೆ 6ರಿಂದ ಸಂಜೆ 7ರವರೆಗೆ ನೆಲದಡಿಯಲ್ಲೂ ಕೆಲಸ ಮಾಡಲು ಆಗ ಅನುಮತಿ ಸಿಕ್ಕಿತು.

2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಗಣಿಗಳು ಭೂವಿಜ್ಞಾನಿಯನ್ನು ನೇಮಿಸಿಕೊಳ್ಳಬೇಕು, ಆ ಭೂವಿಜ್ಞಾನಿಗೆ ಸ್ನಾತಕೋತ್ತರ ಪದವಿ ಇರಬೇಕು. ಪದವಿಯ ನಂತರ ಮೇಲ್ವಿಚಾರಣೆಯ ಮಟ್ಟದಲ್ಲಿ ಐದು ವರ್ಷ ದುಡಿದರೆ ಗಣಿ ಯೋಜನೆ ಸಿದ್ಧಪಡಿಸುವ ಅರ್ಹತೆಯೂ ಬರುತ್ತದೆ, ಸ್ವಂತ ಸಲಹಾ ವೃತ್ತಿಗೆ ಅದೇ ಬುನಾದಿ. ಆ ಐದು ವರ್ಷಗಳನ್ನು ಕಾಗದದ ಮೇಲೆ ತೋರಿಸಬೇಕಾಗುತ್ತದೆ. ಆದ್ದರಿಂದ ಮೊದಲ ನೇಮಕಪತ್ರದಿಂದ ಹಿಡಿದು ಪ್ರತಿ ಅನುಭವ ಪತ್ರದಲ್ಲೂ ಹುದ್ದೆಯ ಹೆಸರು, ಗಣಿಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ ಸರಿಯಾಗಿವೆಯೇ ಎಂದು ಅಲ್ಲೇ ನಿಂತು ನೋಡಿ, ತಪ್ಪಿದ್ದರೆ ತಿದ್ದಿಸಿಕೊಂಡೇ ಬನ್ನಿ.