ಟೇಪಿಗೆ ಇಳಿಸುವಾಗ ಫ್ರೇಮ್ ಜಾರುತ್ತಿದೆಯೇ? ಹುಡುಕುವುದು ಹೀಗೆ

ಮಾಂಗಲ್ಯಧಾರಣೆಯ ದೃಶ್ಯ. ಎಡಿಟಿಂಗ್ ಮುಗಿಸಿ, ಹಾಡು ಕೂರಿಸಿ, ಕಂಪ್ಯೂಟರ್ ಪರದೆಯಲ್ಲಿ ನೋಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಅದನ್ನೇ ಮಿನಿ ಡಿವಿ ಕ್ಯಾಸೆಟ್ಟಿಗೆ ಇಳಿಸಿ ಟಿ.ವಿ.ಗೆ ಹಾಕಿದರೆ ಎರಡನೇ ಗಂಟಿಗೂ ಮೂರನೇ ಗಂಟಿಗೂ ನಡುವೆ ವರನ ಕೈ ತಟಕ್ಕನೆ ಜಿಗಿಯುತ್ತದೆ. ಗಟ್ಟಿಮೇಳದ ಮಧ್ಯೆ ಒಂದು ‘ಟಿಕ್’. ಇತ್ತ ಕಂಪ್ಯೂಟರಿನಲ್ಲಿ ಎಚ್ಚರಿಕೆ: ಎರಡು ಫ್ರೇಮ್ ಡ್ರಾಪ್ ಆಗಿವೆ.

2000ರ ದಶಕದಲ್ಲಿ ಡಿವಿ ಕ್ಯಾಮೆರಾ ಹಿಡಿದು ಮದುವೆ, ನಾಮಕರಣಗಳ ವಿಡಿಯೊ ಮಾಡಿದವರಿಗೆ ಈ ಕಾಟ ಹೊಸದಲ್ಲ. ಇಂದಿನದು ಮೆಮೊರಿ ಕಾರ್ಡಿನ ಕಾಲ, ನಿಜ. ಆದರೆ ಹಳೆಯ ಎಡಿಟಿಂಗ್ ಕಂಪ್ಯೂಟರನ್ನೂ ಓಡುವ ಸ್ಥಿತಿಯ ಕ್ಯಾಮೆರಾವನ್ನೂ ಇಟ್ಟುಕೊಂಡವರು ಮುಗಿದ ವಿಡಿಯೊದ ಒಂದು ಪ್ರತಿಯನ್ನು ಟೇಪಿನಲ್ಲೂ ಕಾಪಿಡಲು ಹೊರಟರೆ ಮೊದಲು ಎದುರಾಗುವುದು ಇದೇ ತೊಡಕು. ಸಿಕ್ಕಸಿಕ್ಕ ಸೆಟ್ಟಿಂಗ್ ಬದಲಿಸುತ್ತ ಹೋದರೆ ದಿನವೇ ಕಳೆಯುತ್ತದೆ. ಕ್ರಮವಾಗಿ ಹುಡುಕಿದರೆ ಅರ್ಧ ಗಂಟೆಯಲ್ಲಿ ಕಾರಣ ಕೈಗೆ ಸಿಗಬಹುದು.

ನಿಲ್ಲದೆ ಓಡುವ ಟೇಪು

ಭಾರತದಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಡಿವಿ ರೂಪದಲ್ಲಿ ಪ್ರತಿ ಫ್ರೇಮಿನ ತೂಕ, ಧ್ವನಿಯೂ ಸೇರಿ, ಸರಿಯಾಗಿ 1,44,000 ಬೈಟ್. ಅಂದರೆ ಸೆಕೆಂಡಿಗೆ 36 ಲಕ್ಷ ಬೈಟ್, ಗಂಟೆಗೆ ಸುಮಾರು 13 ಗಿಗಾಬೈಟ್. ಕ್ಯಾಮೆರಾದ ಒಳಗೆ ಹೆಡ್ ಕೂರಿಸಿದ ಉರುಳೆ ನಿಮಿಷಕ್ಕೆ 9,000 ಸುತ್ತು ತಿರುಗುತ್ತ, ಒಂದೊಂದು ಫ್ರೇಮನ್ನೂ 12 ಓರೆಗೆರೆಗಳಾಗಿ ಟೇಪಿನ ಮೇಲೆ ಬರೆಯುತ್ತದೆ. ಒಂದು ಗೆರೆಯ ಅಗಲ 10 ಮೈಕ್ರಾನ್, ಮಿಲಿಮೀಟರಿನ ನೂರನೇ ಒಂದು ಭಾಗ.

ಕಂಪ್ಯೂಟರಿಗೂ ಕ್ಯಾಮೆರಾಕ್ಕೂ ನಡುವಿನ ಫೈರ್‌ವೈರ್ ಕೇಬಲ್ಲಿನಲ್ಲಿ ಈ ಮಾಹಿತಿ ಸೆಕೆಂಡಿಗೆ 8,000 ಸರದಿಗಳಲ್ಲಿ ಸಾಗುತ್ತದೆ. ಈ ಸಾಗಣೆ ಪಂಕ್ತಿಯಲ್ಲಿ ಬಡಿಸಿದಂತೆ. ಸಾರಿನ ಬಕೆಟ್ ಹಿಡಿದವನು ನಿಲ್ಲದೆ ಮುಂದೆ ನಡೆಯುತ್ತಾನೆ, ಆ ಗಳಿಗೆಗೆ ಬಕೆಟ್ ಬರಿದಾಗಿದ್ದರೆ ಆ ಎಲೆಗೆ ಸಾರಿಲ್ಲ. ತಪ್ಪಿಹೋದದ್ದನ್ನು ಮತ್ತೆ ಕಳುಹಿಸು ಎಂದು ಕೇಳುವ ಏರ್ಪಾಡು ಈ ಸಾಗಣೆಯಲ್ಲಿ ಇಲ್ಲ. ಒಂದು ಫ್ರೇಮಿನ ಆಯುಸ್ಸು 40 ಮಿಲಿಸೆಕೆಂಡ್. ಕಂಪ್ಯೂಟರ್ ಅದಕ್ಕಿಂತ ಹೆಚ್ಚು ಹೊತ್ತು ತಡವರಿಸಿ, ಮುಂಗಡವಾಗಿ ಕೂಡಿಟ್ಟ ಮಾಹಿತಿಯೂ ಮುಗಿದರೆ ಫ್ರೇಮ್ ಜಾರಿತು.

ಹಾಗಾಗಿ ಡಿಸ್ಕಿನ ಸರಾಸರಿ ವೇಗ ನೋಡಿ ಸಮಾಧಾನಪಡುವಂತಿಲ್ಲ. ಸೆಕೆಂಡಿಗೆ 36 ಲಕ್ಷ ಬೈಟ್ ಓದುವುದು ಹಳೆಯ ಹಾರ್ಡ್ ಡಿಸ್ಕಿಗೂ ಕಷ್ಟವಲ್ಲ. ಕೆಡಿಸುವುದು ನಡುನಡುವಿನ ಕ್ಷಣಮಾತ್ರದ ಎಡವು.

ಹಂತ 1: ಇದು ನಿಜವಾಗಿ ಫ್ರೇಮ್ ಡ್ರಾಪ್ ಹೌದೇ?

ನೋಡುವವರಿಗೆ ಒಂದೇ ಥರ ಕಾಣುವ ತೊಂದರೆಗಳು ಮೂರ್ನಾಲ್ಕಿವೆ. ಚಿತ್ರ ಜಿಗಿದರೆ ಅಥವಾ ಒಂದು ಕ್ಷಣ ಸ್ತಬ್ಧವಾದರೆ ಅದು ಫ್ರೇಮ್ ಡ್ರಾಪ್. ಚಿತ್ರ ಚೌಕಚೌಕವಾಗಿ ಒಡೆದರೆ ಅದು ಟೇಪು ಅಥವಾ ಹೆಡ್ಡಿನ ದೋಷ, ಕಂಪ್ಯೂಟರಿನದ್ದಲ್ಲ. ಚಲನೆ ಇರುವ ಕಡೆಯೆಲ್ಲ ಚಿತ್ರ ಒಂದೇ ಸಮನೆ ನಡುಗುತ್ತಿದ್ದರೆ ಫೀಲ್ಡುಗಳ ಕ್ರಮ ತಿರುವುಮುರುವಾಗಿದೆ ಎಂದರ್ಥ. ಡಿವಿಯಲ್ಲಿ ಕೆಳ ಫೀಲ್ಡ್ ಮೊದಲು ಬರಬೇಕು.

ಹೆಸರಿನ ಗೊಂದಲವೂ ಒಂದಿದೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ‘ಡ್ರಾಪ್ ಫ್ರೇಮ್ ಟೈಮ್‌ಕೋಡ್’ ಎಂಬುದುಂಟು. ಅಲ್ಲಿ ಬಿಟ್ಟುಹೋಗುವುದು ಎಣಿಕೆಯ ಅಂಕಿಗಳಷ್ಟೇ, ಚಿತ್ರವಲ್ಲ. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ.

ಹಂತ 2: ಎಲ್ಲಿ ಜಾರಿತು, ಬರೆದಿಡಿ

ಒಂದೇ ಭಾಗವನ್ನು ಎರಡು ಮೂರು ಸಲ ಟೇಪಿಗೆ ಇಳಿಸಿ, ಫ್ರೇಮ್ ಜಾರಿದ ಜಾಗದ ಟೈಮ್‌ಕೋಡನ್ನು ಪ್ರತಿ ಸಲವೂ ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಮುಕ್ಕಾಲು ಉತ್ತರ ಆ ಚೀಟಿಯಲ್ಲೇ ಇರುತ್ತದೆ.

- ಪ್ರತಿ ಸಲವೂ ಅದೇ ಜಾಗ: ದೋಷ ಟೈಮ್‌ಲೈನಿನಲ್ಲಿ ಅಥವಾ ಆ ಜಾಗದ ಫೈಲಿನಲ್ಲಿ.
- ಸಲಕ್ಕೊಂದು ಜಾಗ: ಡಿಸ್ಕು, ಕೇಬಲ್ಲು ಅಥವಾ ಹಿನ್ನೆಲೆಯಲ್ಲಿ ಓಡುತ್ತಿರುವ ಬೇರೆ ಪ್ರೋಗ್ರಾಂ.
- ನಿಗದಿತ ಅಂತರದಲ್ಲಿ: ಆಟೊ ಸೇವ್, ಆಂಟಿವೈರಸ್‌ನಂಥ ಗಡಿಯಾರ ನೋಡಿ ಏಳುವ ಕೆಲಸ.
- ಕಂಪ್ಯೂಟರ್ ಡ್ರಾಪ್ ಇಲ್ಲ ಎನ್ನುತ್ತಿದೆ, ಟೇಪಿನಲ್ಲಿ ಮಾತ್ರ ದೋಷ: ಕ್ಯಾಸೆಟ್ಟು ಅಥವಾ ಹೆಡ್.

ಪ್ರೀಮಿಯರ್ ಪ್ರೊದ ‘ಎಕ್ಸ್‌ಪೋರ್ಟ್ ಟು ಟೇಪ್’ನಲ್ಲಿ ಡ್ರಾಪ್ ಆದ ಫ್ರೇಮುಗಳ ವರದಿ ಕೊಡುವ, ಇಂತಿಷ್ಟು ಜಾರಿದರೆ ಕೆಲಸ ನಿಲ್ಲಿಸುವ ಆಯ್ಕೆಗಳಿವೆ. ಆ ಸಂಖ್ಯೆಯನ್ನು 1ಕ್ಕೆ ಇಟ್ಟರೆ ಪೂರ್ತಿ ಗಂಟೆ ಕಾದು ಕೊನೆಗೆ ನಿರಾಶರಾಗುವುದು ತಪ್ಪುತ್ತದೆ. ಫೈನಲ್ ಕಟ್ ಪ್ರೊದ ಹಳೆಯ ಆವೃತ್ತಿಗಳಲ್ಲೂ ಇಂಥದೇ ಸೌಲಭ್ಯವಿತ್ತು. 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್‌ನಲ್ಲಿ ಟೇಪಿಗೆ ಬರೆಯುವ ದಾರಿಯೇ ಇಲ್ಲವಾದ್ದರಿಂದ ಈ ಕೆಲಸಕ್ಕೆ ಹಳೆಯ ಆವೃತ್ತಿಯೇ ಬೇಕು.

ಹಂತ 3: ಟೈಮ್‌ಲೈನನ್ನು ಒಂದೇ ಫೈಲ್ ಮಾಡಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹಂತ ಇದು. ಟೈಮ್‌ಲೈನಿನಲ್ಲಿ ಒಂದು ಗಂಟೆಯ ವಿಡಿಯೊ ಎಂದರೆ ನೂರಾರು ತುಣುಕು, ಡಿಸಾಲ್ವ್, ಹೆಸರಿನ ಪಟ್ಟಿ, ಮೂರು ನಾಲ್ಕು ಆಡಿಯೊ ಟ್ರ್ಯಾಕು. ಟೇಪು ಓಡುವಾಗ ಡಿಸ್ಕಿನ ಮೂಲೆಮೂಲೆಯಿಂದ ಇವನ್ನೆಲ್ಲ ಹೆಕ್ಕಿ ತಂದು ಜೋಡಿಸುವಷ್ಟರಲ್ಲಿ ಕಂಪ್ಯೂಟರ್ ಸುಸ್ತಾಗುತ್ತದೆ.

ಮೊದಲು ಕೆಂಪು ಗೆರೆ ಕಾಣುವ ಭಾಗಗಳನ್ನೆಲ್ಲ ರೆಂಡರ್ ಮಾಡಬೇಕು. ಆಮೇಲೆ ಇಡೀ ಟೈಮ್‌ಲೈನನ್ನು ಒಂದೇ ಡಿವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಹೊಸ ಪ್ರಾಜೆಕ್ಟಿನಲ್ಲಿ ಆ ಫೈಲೊಂದನ್ನೇ ಇಟ್ಟು ಟೇಪಿಗೆ ಕಳುಹಿಸಬೇಕು. ಆಗ ಕಂಪ್ಯೂಟರಿಗೆ ಉಳಿಯುವುದು ಉದ್ದಕ್ಕೆ ಓದಿಕೊಂಡು ಹೋಗುವ ಕೆಲಸವಷ್ಟೇ. ಹೊಸ ಪ್ರಾಜೆಕ್ಟಿನ ಸೆಟ್ಟಿಂಗ್ ಮೂಲದ್ದರಂತೆಯೇ ಇರಬೇಕು: ಪಾಲ್ ಡಿವಿ, 720 ಗುಣಿಸು 576, ಧ್ವನಿ 48 ಕಿಲೊಹರ್ಟ್ಸ್. ಒಂದು ವ್ಯತ್ಯಾಸವಿದ್ದರೂ ಮತ್ತೆ ಕೆಂಪು ಗೆರೆ ಮೂಡುತ್ತದೆ.

ಎಷ್ಟೋ ಸಲ ಕಳ್ಳ ಅಡಗಿರುವುದು ಧ್ವನಿಯಲ್ಲಿ. ಸಿ.ಡಿ.ಯಿಂದ ತೆಗೆದ ಹಾಡು 44.1 ಕಿಲೊಹರ್ಟ್ಸಿನದು, ಟೈಮ್‌ಲೈನಿನದ್ದು 48. ಹಾಡು ಎಂಪಿ3 ಆಗಿದ್ದರೆ ಬಿಡಿಸುವ ಕೆಲಸ ಬೇರೆ. ಪ್ರತಿ ಕ್ಷಣವೂ ಪರಿವರ್ತನೆ ನಡೆಯುತ್ತಿದ್ದರೆ ಹಾಡು ಶುರುವಾಗುವ ಜಾಗದಲ್ಲೇ ಫ್ರೇಮ್ ಜಾರುವುದು ಸಹಜ. ಹಾಡುಗಳನ್ನು ಮೊದಲೇ 48 ಕಿಲೊಹರ್ಟ್ಸಿನ ವೇವ್ ಫೈಲುಗಳಾಗಿ ಬದಲಿಸಿಕೊಂಡರೆ ಈ ಸಮಸ್ಯೆ ಮುಗಿಯಿತು.

ಹಂತ 4: ಡಿಸ್ಕಿನ ನಾಡಿ ನೋಡಿ

ವಿಡಿಯೊ ಫೈಲು ವಿಂಡೋಸ್ ಇರುವ ಡಿಸ್ಕಿನಲ್ಲಿರದೆ ಬೇರೆ ಡಿಸ್ಕಿನಲ್ಲಿರಬೇಕು. ಡಿಸ್ಕು ಗಂಟಲಮಟ್ಟ ತುಂಬಿರಬಾರದು. ತುಂಬುತ್ತ ಹೋದಂತೆ ಫೈಲುಗಳು ಚೂರುಚೂರಾಗಿ ಹಂಚಿಹೋಗುತ್ತವೆ. ಹಳೆಯದನ್ನು ಅಳಿಸಿ ಜಾಗ ಮಾಡಿ, ಡಿಫ್ರಾಗ್ ಮಾಡಿದ ಮೇಲೆ ಆ ಒಂದೇ ಫೈಲನ್ನು ಬರೆಸುವುದು ಒಳ್ಳೆಯದು.

ಫ್ಯಾಟ್ 32 ಪದ್ಧತಿಯ ಡಿಸ್ಕಿನಲ್ಲಿ ಒಂದು ಫೈಲಿನ ಗಾತ್ರ 4 ಗಿಗಾಬೈಟ್ ಮೀರುವಂತಿಲ್ಲ. ಡಿವಿ ಲೆಕ್ಕದಲ್ಲಿ ಅದು 20 ನಿಮಿಷವೂ ಆಗುವುದಿಲ್ಲ. ಗಂಟೆಯ ಫೈಲಿಗೆ ಎನ್‌ಟಿಎಫ್‌ಎಸ್ ಬೇಕೇ ಬೇಕು.

ವಿಂಡೋಸ್ ಎಕ್ಸ್‌ಪಿಯಲ್ಲಿ ಇನ್ನೊಂದು ಗುಟ್ಟಿನ ಕಾಯಿಲೆಯಿದೆ. ಡಿಸ್ಕಿನ ಕೇಬಲ್ ಸಡಿಲವಾಗಿಯೋ ಬೇರೆ ಕಾರಣಕ್ಕೋ ಕೆಲವು ಸಲ ತಪ್ಪು ಕಂಡುಬಂದರೆ ಎಕ್ಸ್‌ಪಿ ಸದ್ದಿಲ್ಲದೆ ಆ ಡಿಸ್ಕನ್ನು ವೇಗದ ಡಿಎಂಎ ವಿಧಾನದಿಂದ ನಿಧಾನದ ಪಿಐಒಗೆ ಇಳಿಸಿಬಿಡುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ಕೆಟ್ಟಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಚಾನೆಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ ತೆರೆದರೆ ಯಾವ ವಿಧಾನ ಎಂಬುದು ಕಾಣುತ್ತದೆ. ಪಿಐಒ ಎಂದಿದ್ದರೆ ಒಳಗಿನ ಕೇಬಲ್ ಸರಿಪಡಿಸಿ, ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರೆ ಡಿಎಂಎ ಮರಳಿ ಬರುತ್ತದೆ.

ಹಂತ 5: ಫೈರ್‌ವೈರ್ ದಾರಿ ತೆರವು ಮಾಡಿ

ಫೈರ್‌ವೈರ್‌ಗೆ ಸೋನಿ ಇಟ್ಟ ಹೆಸರು ಐ ಲಿಂಕ್. ಮಾನದಂಡದ ಪ್ರಕಾರ ಅದು 1394. ಹೆಸರು ಏನಿದ್ದರೂ ಕೇಬಲ್ 4.5 ಮೀಟರಿಗಿಂತ ಉದ್ದ ಇರಬಾರದು. ಚಿಕ್ಕದಾದಷ್ಟೂ ಕ್ಷೇಮ. ಎರಡನೇ ಕೇಬಲ್ ಸಿಕ್ಕರೆ ಬದಲಿಸಿ ನೋಡಬೇಕು.

ವಿಡಿಯೊ ಇರುವ ಹಾರ್ಡ್ ಡಿಸ್ಕು ಕೂಡ ಫೈರ್‌ವೈರಿನದೇ ಆಗಿದ್ದು, ಕ್ಯಾಮೆರಾವನ್ನು ಅದಕ್ಕೇ ಸಿಕ್ಕಿಸಿದ್ದರೆ ಎರಡೂ ಒಂದೇ ಓಣಿಯಲ್ಲಿ ಎದುರುಬದುರಾದಂತೆ. ಟೇಪಿಗೆ ಕಳುಹಿಸುವ ಫೈಲನ್ನು ಒಳಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು ಇದಕ್ಕೆ ಸುಲಭದ ಪರಿಹಾರ. ಇಲ್ಲವಾದರೆ ಕ್ಯಾಮೆರಾಕ್ಕೇ ಪ್ರತ್ಯೇಕ ಫೈರ್‌ವೈರ್ ಕಾರ್ಡ್ ಹಾಕಿಸಬೇಕು.

ವಿಂಡೋಸ್ 7ರಲ್ಲಿ ಕ್ಯಾಮೆರಾ ಆಗಾಗ ಕಾಣೆಯಾಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ 1394 ಚಾಲಕವನ್ನು ‘ಲೆಗಸಿ’ ಎಂದಿರುವುದಕ್ಕೆ ಬದಲಿಸಿದರೆ ಅನೇಕ ಕಡೆ ಸರಿಹೋಗುತ್ತದೆ. ಕೇಬಲ್ ಸಿಕ್ಕಿಸುವಾಗ ಕ್ಯಾಮೆರಾ ಆಫ್ ಆಗಿರಲಿ. ಆರು ಪಿನ್ನಿನ ತುದಿಯಲ್ಲಿ ವಿದ್ಯುತ್ತೂ ಹರಿಯುತ್ತದೆ. ತಿರುಗಾಮುರುಗಾ ಒತ್ತಿ ತುರುಕಿದರೆ ಕ್ಯಾಮೆರಾದ ಪೋರ್ಟ್ ಸುಟ್ಟುಹೋಗಬಹುದು.

ಕ್ಯಾಮೆರಾ ಸಿಗ್ನಲನ್ನು ಸ್ವೀಕರಿಸುವುದೇ ಇಲ್ಲವೇ? ಅದು ಯೂರೋಪಿನಿಂದ ನೆಂಟರು ತಂದುಕೊಟ್ಟದ್ದೇ ಎಂದು ವಿಚಾರಿಸಬೇಕು. ಹೊರಗಿನ ಸಿಗ್ನಲನ್ನು ರೆಕಾರ್ಡ್ ಮಾಡಬಲ್ಲ ಕ್ಯಾಮೆರಾಗಳಿಗೆ ಅಲ್ಲಿ ಸುಂಕ ಹೆಚ್ಚಾಗಿದ್ದರಿಂದ ಎಷ್ಟೋ ಮಾದರಿಗಳಲ್ಲಿ ಡಿವಿ ಒಳಬರುವ ದಾರಿಯನ್ನೇ ಮುಚ್ಚಿ ಮಾರುತ್ತಿದ್ದರು. ಅಂಥ ಕ್ಯಾಮೆರಾದಿಂದ ಕಂಪ್ಯೂಟರಿಗೆ ವಿಡಿಯೊ ಬರುತ್ತದೆ, ಹಿಂದಕ್ಕೆ ಹೋಗುವುದಿಲ್ಲ.

ಹಂತ 6: ಉಳಿದವರನ್ನೆಲ್ಲ ಮಲಗಿಸಿ

ಇಂಟರ್‌ನೆಟ್ ಸಂಪರ್ಕ ಕಡಿದು ಆಂಟಿವೈರಸ್ ನಿಲ್ಲಿಸಬೇಕು. ಸ್ಕ್ರೀನ್ ಸೇವರ್, ಡಿಸ್ಕನ್ನು ಮಲಗಿಸುವ ವಿದ್ಯುತ್ ಉಳಿತಾಯ, ಆಟೊ ಸೇವ್ ಎಲ್ಲವೂ ಆಫ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಲಿ. ಕೆಲಸ ಮುಗಿಯುವ ತನಕ ಮೌಸ್ ಮುಟ್ಟದಿರುವುದೇ ಲೇಸು.

ಹಂತ 7: ಕ್ಯಾಸೆಟ್ಟು ಮತ್ತು ಹೆಡ್

ಕ್ಯಾಮೆರಾ ವಿಸಿಆರ್ ಅಥವಾ ಪ್ಲೇ ಸ್ಥಾನದಲ್ಲಿರಬೇಕು, ಬ್ಯಾಟರಿಯ ಬದಲು ಅಡಾಪ್ಟರಿನ ಕರೆಂಟಿನಲ್ಲಿ ಓಡಬೇಕು. ಗುಣಮಟ್ಟ ‘ಎಸ್‌ಪಿ’ಯಲ್ಲೇ ಇರಲಿ. ‘ಎಲ್‌ಪಿ’ಗೆ ಹಾಕಿದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ ಹಿಡಿಯುತ್ತದೆ, ಆದರೆ ಗೆರೆಗಳು ಇನ್ನೂ ಸಪೂರವಾಗಿ ಬೇರೆ ಕ್ಯಾಮೆರಾದಲ್ಲಿ ಓದುವಾಗ ಚಿತ್ರ ಒಡೆಯುವ ಸಂಭವ ಹೆಚ್ಚು.

ಚೌಕಗಳು ಕಂಡರೆ ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಅದರ ಮೇಲೆ ಬರೆದಷ್ಟೇ ಸೆಕೆಂಡು ಓಡಿಸಬೇಕು. ಅದು ಹೆಡ್ಡನ್ನು ಉಜ್ಜುವ ಟೇಪು, ಅತಿಯಾದರೆ ಹೆಡ್ಡೇ ಸವೆಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಎ.ಸಿ. ಕೋಣೆಯಿಂದ ಕ್ಯಾಮೆರಾವನ್ನು ಸೆಕೆಯ ಹೊರಕ್ಕೆ ತಂದರೆ ಉರುಳೆಯ ಮೇಲೆ ತೇವ ಕೂರುತ್ತದೆ. ತೇವದ ಸೂಚನೆ ಬೆಳಗಿದರೆ ಕ್ಯಾಸೆಟ್ ಮುಚ್ಚಳ ತೆರೆದು ಗಂಟೆ ಹೊತ್ತು ಕಾಯುವುದೊಂದೇ ದಾರಿ.

ಹೊಸ ಕ್ಯಾಸೆಟ್ಟಿನ ಮೊದಲ ಅರ್ಧ ನಿಮಿಷಕ್ಕೆ ಬರಿಯ ಕಪ್ಪು ತುಂಬಿಸುವುದು ಹಳಬರ ರೂಢಿ. ಟೇಪಿನ ಆರಂಭದ ತುದಿಗೆ ಪೆಟ್ಟು ಹೆಚ್ಚು, ಜೊತೆಗೆ ಯಂತ್ರ ವೇಗ ಹಿಡಿಯಲೂ ಒಂದಿಷ್ಟು ಹೊತ್ತು ಬೇಕು.

ಎಚ್‌ಡಿವಿ ಆದರೆ

ಅದೇ ಕ್ಯಾಸೆಟ್ಟಿಗೆ ಎಚ್‌ಡಿವಿ ಬರೆಯುವುದು ಇನ್ನಷ್ಟು ನಾಜೂಕಿನ ಕೆಲಸ. ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಎಚ್‌ಡಿವಿಯ 1080 ರೂಪದಲ್ಲಿ, ಪಾಲ್ ಪದ್ಧತಿಯಲ್ಲಿ, 12 ಫ್ರೇಮುಗಳು ಒಂದು ಗುಂಪಾಗಿ ಒಂದನ್ನೊಂದು ನೆಚ್ಚಿಕೊಂಡಿರುತ್ತವೆ. ಸಣ್ಣ ದೋಷವೂ ಅರ್ಧ ಸೆಕೆಂಡಿನ ಚಿತ್ರವನ್ನು ನುಂಗಬಹುದು. ಇಲ್ಲಿ ಒಂದೇ ಫೈಲ್ ಮಾಡಿಕೊಂಡು ಕಳುಹಿಸುವುದು ಅನಿವಾರ್ಯ.

ಕೊನೆಯ ಪರೀಕ್ಷೆ

ಹಂತವೊಂದನ್ನು ಮುಗಿಸಿದಾಗಲೆಲ್ಲ ಐದು ನಿಮಿಷದ ತುಣುಕನ್ನು ಇಳಿಸಿ ನೋಡಬೇಕು. ಏಕಕಾಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ಯಾವುದು ಫಲಿಸಿತು ಎಂದು ತಿಳಿಯುವುದಿಲ್ಲ. ತುಣುಕು ಸರಿಯಾಗಿ ಬಂದರೆ ಪೂರ್ತಿ ವಿಡಿಯೊ. ಅದು ಮುಗಿದ ಮೇಲೆ ಕ್ಯಾಸೆಟ್ಟನ್ನು ರಿವೈಂಡ್ ಮಾಡಿ, ಫೈರ್‌ವೈರ್ ಕಳಚಿ, ಕ್ಯಾಮೆರಾವನ್ನು ನೇರ ಟಿ.ವಿ.ಗೆ ಜೋಡಿಸಿ ಒಮ್ಮೆ ಪೂರ್ತಿ ನೋಡಬೇಕು. ಮೂರನೇ ಗಂಟು ಜಿಗಿಯದೆ ಬಿದ್ದರೆ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ, ಹೆಸರು, ತಾರೀಕು, ‘ಪಾಲ್, ಎಸ್‌ಪಿ’ ಎಂದು ಚೀಟಿ ಅಂಟಿಸಿ, ಡಬ್ಬಿಯಲ್ಲಿ ನಿಲ್ಲಿಸಿ ಇಡಬಹುದು.