ಅರ್ಧ ಪೈಸೆ ಎಲ್ಲಿಗೆ ಹೋಯಿತು?

ನನ್ನ ತಾಯಿಯವರು ತೀರಿಕೊಂಡ ಹದಿನೈದು ವರ್ಷಗಳ ತರುವಾಯ, 2023ರ ಬೇಸಗೆಯಲ್ಲಿ, ಮಂಗಳೂರಿನ ನಮ್ಮ ಹಳೆಯ ಹಂಚಿನ ಮನೆಯ ಮಾಡು ಬಿಚ್ಚಿಸುವ ಪ್ರಸಂಗ ಒದಗಿದಾಗ, ಅಟ್ಟದ ಮೇಲಿನ ಹಲಸಿನ ಮರದ ಪೆಟ್ಟಿಗೆಯೊಳಗೆ, ಹೊಲಿಗೆ ಬಿಟ್ಟುಹೋದ ಸಂಗೀತಪುಸ್ತಕವೊಂದರ ಅಡಿಯಲ್ಲಿ, ಕಂದು ರಟ್ಟಿನ ಹದಿನೇಳು ಲೆಕ್ಕದ ಪುಸ್ತಕಗಳೂ, ಅವುಗಳ ನಡುವೆ ನಾಲ್ಕಾಗಿ ಮಡಚಿಟ್ಟಿದ್ದ ಒಂದು ಬ್ಯಾಂಕಿನ ಠೇವಣಿ ರಸೀದಿಯೂ ದೊರೆತವು. ಉಳಿತಾಯದ ವಿಚಾರವಾಗಿ ಇಷ್ಟು ಕಾಲದಿಂದ ಅನ್ಯರಿಗೆ ಬುದ್ಧಿ ಹೇಳುತ್ತ ಬಂದಿರುವ ನನಗೆ, ನನ್ನ ಬುದ್ಧಿಯ ಮೂಲಬಂಡವಾಳ ಯಾವ ಪೆಟ್ಟಿಗೆಯಲ್ಲಿ ಇದ್ದಿತೆಂಬುದು ಅಂದು ತಿಳಿದುಬಂದಿತು. ಬಡ್ಡಿದರದ ಏರಿಳಿತವನ್ನು ನಿರೀಕ್ಷಿಸಿ ಈ ಅಂಕಣವನ್ನು ತೆರೆದ ವಾಚಕರು ಈ ಸಲ ನನ್ನನ್ನು ಕ್ಷಮಿಸಬೇಕು.

ನಮ್ಮದು ಬಾಸೆಲ್ ಮಿಶನಿನ ಪರಂಪರೆಯ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನಿನವರ ಬೋಧನೆಯನ್ನು ಅಂಗೀಕರಿಸಿದವರಲ್ಲಿ ಅನೇಕರು ಕುಲದಿಂದಲೂ ಕುಟುಂಬದ ಭೂಮಿಯಿಂದಲೂ ಏಕಕಾಲದಲ್ಲಿ ದೂರವಾದರು. ಹಾಗೆ ನಿರಾಧಾರರಾದವರಿಗೆ ಜೀವನೋಪಾಯವನ್ನು ಕಲ್ಪಿಸುವ ಉದ್ದೇಶವೂ ಸೇರಿಯೇ ನೇಯ್ಗೆಯ ಶಾಲೆಗಳೂ ಮುದ್ರಣಾಲಯವೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯೂ ಹುಟ್ಟಿಕೊಂಡವು. ಗದ್ದೆಯಿದ್ದವನಿಗೆ ಲೆಕ್ಕದ ಪುಸ್ತಕವಿಲ್ಲದಿದ್ದರೂ ನಡೆದೀತು, ಸಂಬಳದವನಿಗೆ ಅದಿಲ್ಲದೆ ಗತಿಯಿಲ್ಲವೆಂಬ ಅರಿವು ನಮ್ಮ ಸಭೆಯ ಗೃಹಿಣಿಯರಿಗೆ ಅಜ್ಜಿಯ ಕಾಲದಿಂದಲೇ ರಕ್ತಗತವಾಗಿದ್ದಿತು. ನನ್ನ ತಂದೆಯವರು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ಅಮ್ಮನಿಗೆ ಮನೆಯಾಚೆಗಿನ ಉದ್ಯೋಗವಾವುದೂ ಇರಲಿಲ್ಲ. ಅವರು ಬೈದದ್ದು ತುಳುವಿನಲ್ಲಿ, ಮುದ್ದಿಸಿದ್ದೂ ತುಳುವಿನಲ್ಲಿ. ಆದರೆ ಪ್ರಾರ್ಥನೆಯನ್ನೂ ಲೆಕ್ಕವನ್ನೂ ಮಾತ್ರ ಕನ್ನಡದಲ್ಲಲ್ಲದೆ ಬೇರೆ ಭಾಷೆಯಲ್ಲಿ ಮಾಡಿದ್ದನ್ನು ನಾನು ಕಂಡಿಲ್ಲ.

1955ರ ಪುಸ್ತಕವನ್ನು ತೆರೆದು ನೋಡುತ್ತೇನೆ. ಪ್ರತಿ ತಿಂಗಳ ಪುಟದ ನೆತ್ತಿಯಲ್ಲಿ ತಂದೆಯವರ ಸಂಬಳ, 92 ರೂಪಾಯಿ 8 ಆಣೆ. ಅದರ ಕೆಳಗಿನ ಪ್ರಥಮ ಪಂಕ್ತಿ, ಹದಿನೇಳು ಪುಸ್ತಕಗಳಲ್ಲಿ ಒಂದು ಸಲವೂ ಸ್ಥಾನಪಲ್ಲಟವಾಗದೆ, ‘ದೇವರ ಪಾಲು’, 9 ರೂಪಾಯಿ 4 ಆಣೆ. ಎರಡನೆಯದು ‘ಪಿಗ್ಮಿ’, 3 ರೂಪಾಯಿ 12 ಆಣೆ. ಆಮೇಲೆ ಶಾಲೆಯ ಫೀಸು, ಕುಚಲಕ್ಕಿಯ ಮುಡಿ, ಸೀಮೆಎಣ್ಣೆ, ಸಾಬೂನು; ಕಟ್ಟಕಡೆಗೆ, ಪುಟದಲ್ಲಿಯೂ ಕೈಯಲ್ಲಿಯೂ ಸ್ಥಳವಿದ್ದರೆ, ಮೀನು. ತಿಂಗಳ ಕೊನೆಯ ವಾರದಲ್ಲಿ ಬೂತಾಯಿಯ ಘಮವಿಲ್ಲದ ಮಧ್ಯಾಹ್ನಗಳಿಗೆ ಕಾರಣ ಸಮುದ್ರದಲ್ಲಿ ಮೀನಿಲ್ಲದ್ದೆಂದು ನಾವು ಮಕ್ಕಳು ಬಹುಕಾಲ ನಂಬಿದ್ದೆವು.

ತಂದೆಯವರು ದೈವಭಕ್ತರೇ, ಆದರೂ ಹಂಚಿನ ಲೆಕ್ಕ ಬರೆದು ಬರೆದು ಅವರಿಗೆ ದೇವರ ಸಂಗಡವೂ ಸ್ವಲ್ಪ ಚೌಕಾಶಿ ಮಾಡುವ ಅಭ್ಯಾಸ ಬಂದಿದ್ದಿತು. ಸಭೆಗೆ ಕೊಡತಕ್ಕದ್ದನ್ನು ಖರ್ಚೆಲ್ಲ ತೀರಿದ ಮೇಲೆ ಉಳಿದುದರಲ್ಲಿ ಕೊಟ್ಟರಾಗದೇ ಎಂದು ಅವರು ಒಮ್ಮೆ ಕೇಳಿದುದಕ್ಕೆ ಅಮ್ಮ, “ನಿಮ್ಮ ಮನೆಯಲ್ಲಿ ಕಡೆಗೆ ಉಳಿದದ್ದು ಯಾವ ತಿಂಗಳಲ್ಲಿ ಅಂತ ಹೇಳಿ, ಆ ತಿಂಗಳು ಹಾಗೆಯೇ ಮಾಡುವ” ಎಂದುಬಿಟ್ಟರು. ಖರ್ಚು ಮಾಡಿ ಮಿಕ್ಕುದನ್ನು ಉಳಿಸಬೇಡಿ, ಉಳಿಸಿ ಮಿಕ್ಕುದನ್ನು ಖರ್ಚುಮಾಡಿ ಎಂದು ಹಣಕಾಸಿನ ಪಂಡಿತರು ಈಗ ವಿಧವಿಧವಾಗಿ ಉಪದೇಶಿಸುವ ಸೂತ್ರವನ್ನು ನಾನೂ ಈ ಅಂಕಣದಲ್ಲಿ ಏನಿಲ್ಲವೆಂದರೂ ಹತ್ತು ಬಾರಿ ನನ್ನದೆಂಬಂತೆ ಬರೆದಿದ್ದೇನೆ. ಅಮ್ಮನ ಪುಟದಲ್ಲಿ ಉಳಿತಾಯಕ್ಕೂ ಮೊದಲು ದಾನವಿದ್ದಿತು. ಆ ಮೊದಲ ಪಂಕ್ತಿಯನ್ನು ಬಿಟ್ಟು ಎರಡನೆಯದನ್ನು ಮಾತ್ರ ನಾನು ನಕಲು ಮಾಡಿಕೊಂಡೆನೆಂದು ಈಗ ತೋರುತ್ತದೆ. ಹತ್ತರಲ್ಲೊಂದು ಪಾಲನ್ನು ಕಣ್ಣಿಗೆ ಬೀಳುವ ಮೊದಲೇ ತೆಗೆದಿಡುವ ಕೈಗೆ, ಪಿಗ್ಮಿಗೆಂದು ದಿನಕ್ಕೆ ಎರಡಾಣೆಯನ್ನು ತೆಗೆದಿಡುವುದು ಕಷ್ಟವಾಗಲಿಲ್ಲ.

ಹಾಗೆಂದು ಅವರದು ಕಣ್ಣು ಮುಚ್ಚಿದ ಔದಾರ್ಯವಾಗಿರಲಿಲ್ಲ. ಬಡ ವಿಧವೆಯೊಬ್ಬಳು ತನಗಿದ್ದ ಎರಡು ಕಾಸುಗಳನ್ನೂ ದೇವಾಲಯದ ಪೆಟ್ಟಿಗೆಗೆ ಹಾಕಿದ ಸುವಾರ್ತೆಯ ಪ್ರಸಂಗವನ್ನು ಕುರಿತು ಅಯ್ಯನವರು ಗದ್ಗದರಾಗಿ ಪ್ರಸಂಗಿಸಿದ ಒಂದು ಭಾನುವಾರ, ಮನೆಗೆ ಮರಳಿ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಳಿತ ಅಮ್ಮ, ಯಾರನ್ನೂ ಉದ್ದೇಶಿಸದೆ, “ಆ ಹೆಂಗಸು ಆ ರಾತ್ರಿ ಏನು ಉಂಡಳೋ, ಅದನ್ನು ಒಬ್ಬರೂ ಕೇಳುವುದಿಲ್ಲ” ಎಂದರು. ನನಗೆ ತಿಳಿದಮಟ್ಟಿಗೆ ಸತ್ಯವೇದದ ಮೇಲೆ ಅವರು ಮಾಡಿದ ಏಕೈಕ ವ್ಯಾಖ್ಯಾನ ಅದು. ನಾಲ್ಕು ಮಕ್ಕಳ ತಾಯಿಗೆ ಹತ್ತರಲ್ಲೊಂದೇ ಧರ್ಮವೆಂಬುದನ್ನೂ ಉಳಿದ ಒಂಬತ್ತನ್ನು ನೀಟಾಗಿ ನಡೆಸುವುದೂ ಅಷ್ಟೇ ದೊಡ್ಡ ಧರ್ಮವೆಂಬುದನ್ನೂ ಅವರು ಆ ಒಲೆಯ ಮುಂದೆಯೇ ನಿಶ್ಚಯಿಸಿಕೊಂಡಿದ್ದಿರಬೇಕು.

ಹಿಡಿಯಕ್ಕಿಯ ಸಂಗತಿಯೂ ಇದೆ. ಗಂಜಿಗೆ ಅಕ್ಕಿ ಅಳೆದು ಹಾಕಿದ ಮೇಲೆ ಒಂದು ಹಿಡಿಯನ್ನು ತೆಗೆದು ಬೇರೊಂದು ಮಣ್ಣಿನ ಪಾತ್ರೆಗೆ ಹಾಕುವರು; ಅದು ತುಂಬಿದಾಗ ಸ್ತ್ರೀಯರ ಸಂಘಕ್ಕೆ ಹೋಗುವುದು. ಕೊಟ್ಟವರಿಗೆ ಕೊಟ್ಟದ್ದು ತಿಳಿಯದ, ಉಣ್ಣುವವರಿಗೆ ಕಡಮೆಯಾದದ್ದು ಕಾಣದ ಈ ವಿಧಾನವನ್ನು ಮೀರಿಸುವ ಕಂತಿನ ಯೋಜನೆಯೊಂದನ್ನು ನಾನು ಇದುವರೆಗೂ ಯಾವ ಬ್ಯಾಂಕಿನ ಹೊತ್ತಗೆಯಲ್ಲಿಯೂ ಕಂಡಿಲ್ಲ. ಬೆಳೆಹಬ್ಬದ ದಿವಸ ಮಾತ್ರ ಅವರ ಅರ್ಥಶಾಸ್ತ್ರ ತಲೆಕೆಳಗಾಗುತ್ತಿತ್ತು: ಹಿತ್ತಿಲಲ್ಲಿ ತಾವೇ ಬೆಳೆಸಿ ತಾವೇ ಕಾಣಿಕೆಯಾಗಿ ಒಪ್ಪಿಸಿದ ಕುಂಬಳಕಾಯಿಯನ್ನು, ಆರಾಧನೆ ಮುಗಿದ ಮೇಲಿನ ಏಲಂನಲ್ಲಿ, ಪೇಟೆಯ ಕ್ರಯದ ಇಮ್ಮಡಿಗೆ ತಾವೇ ಕೂಗಿ, ಹೆಮ್ಮೆಯಿಂದ ಹೊತ್ತು ತರುವರು. ತಂದೆಯವರು ಆ ದಿವಸ ಲೆಕ್ಕದ ಪುಸ್ತಕದ ಹತ್ತಿರ ಹೋಗುತ್ತಿರಲಿಲ್ಲ.

ಪಿಗ್ಮಿ ಎಂಬುದನ್ನು ಕರಾವಳಿಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಉಪೇಂದ್ರ ಪೈ, ವಾಮನ ಕುಡ್ವ, ಟಿ. ಎಂ. ಎ. ಪೈ ಎಂಬ ಮಹನೀಯರು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯು, 1928ರಲ್ಲಿ, ಬ್ಯಾಂಕಿನ ಮೆಟ್ಟಲು ಹತ್ತಲು ಅಂಜುವ ಜನರ ಮನೆಬಾಗಿಲಿಗೇ ಏಜೆಂಟರನ್ನು ಕಳುಹಿಸಿ, ದಿನವಹಿ ಎರಡಾಣೆಯಷ್ಟು ಕಿರಿದಾದ ಮೊತ್ತವನ್ನೂ ಠೇವಣಿಯಾಗಿ ಸ್ವೀಕರಿಸುವ ಪದ್ಧತಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಏಳು ವರ್ಷ ತಪ್ಪದೆ ಕಟ್ಟಿದರೆ, ಬಡ್ಡಿಯನ್ನು ಬಿಟ್ಟು, 319 ರೂಪಾಯಿ 6 ಆಣೆ. ನಮ್ಮಕ್ಕನ ಮದುವೆಯ ಸೀರೆ ಆ ಎರಡಾಣೆಗಳಿಂದ ನೇಯ್ದದ್ದು.

1957ರ ಏಪ್ರಿಲ್ 1ರಂದು ದೇಶದಲ್ಲಿ ನಯೇ ಪೈಸೆ ಚಲಾವಣೆಗೆ ಬಂದಿತು. ರೂಪಾಯಿಗೆ ಹದಿನಾರು ಆಣೆಯಿದ್ದುದು ನೂರು ಪೈಸೆಯಾಗಲು, ಒಂದಾಣೆಗೆ ಸರಿಯಾಗಿ ಆರೂಕಾಲು ಪೈಸೆಯಾಗಬೇಕಷ್ಟೆ. ಕಾಲು ಪೈಸೆಯ ನಾಣ್ಯವಿಲ್ಲವಾದಕಾರಣ ಸರಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿಯಾಯಿತು. ನನಗಾಗ ಹನ್ನೊಂದು ವರ್ಷ. ಅಮ್ಮ ಆ ಪಟ್ಟಿಯನ್ನು ಒಂದು ಸಂಜೆ ದೀಪದ ಕೆಳಗಿಟ್ಟುಕೊಂಡು ನೋಡಿದವರು, ಮರುದಿನದಿಂದ ನಾಲ್ಕಾಣೆಯ ಕೊತ್ತಂಬರಿಯನ್ನು ಒಟ್ಟಿಗೆ ತರಿಸದೆ, ಒಂದೊಂದಾಣೆಯದನ್ನು ನಾಲ್ಕು ಸಲ ತರಿಸತೊಡಗಿದರು. ನಾಲ್ಕಾರು ಇಪ್ಪತ್ತನಾಲ್ಕು, ಒಂದು ಪೈಸೆ ಉಳಿಯಿತು. ಅಂಗಡಿಗೆ ನಾಲ್ಕು ಸಲ ಓಡಿದ ನನ್ನ ಕಾಲುಗಳ ಸವಕಳಿ ಯಾವ ಪುಟದಲ್ಲಿಯೂ ಜಮೆಯಾಗಲಿಲ್ಲ. ಹೀಗೆ ಉಳಿದ ಪೈಸೆಗಳನ್ನು ಅವರು ಮನೆಖರ್ಚಿಗೆ ಸೇರಿಸಿಕೊಳ್ಳಲಿಲ್ಲವೆಂಬುದೇ ಸ್ವಾರಸ್ಯ. ಅದಕ್ಕೆಂದು ‘ಬಿದ್ದು ಸಿಕ್ಕಿದ್ದು’ ಎಂಬ ಪ್ರತ್ಯೇಕ ಶೀರ್ಷಿಕೆಯನ್ನು ತೆರೆದು, ವರ್ಷಾಂತ್ಯದಲ್ಲಿ ಅಷ್ಟನ್ನೂ ಕಾಣಿಕೆಯ ಚೀಲಕ್ಕೆ ಹಾಕಿದರು; ಅದು ದುಡಿದದ್ದಲ್ಲ, ಸರಕಾರದ ಪಟ್ಟಿಯ ಸಂದಿನಿಂದ ಜಾರಿ ಬಿದ್ದದ್ದು, ಆದುದರಿಂದ ಇಟ್ಟುಕೊಳ್ಳಬಾರದೆಂಬುದು ಅವರ ನ್ಯಾಯ. ಅಂಗಡಿಯವನನ್ನು ಕೇಳಿದ್ದರೆ ಅದು ಜಾರಿದ್ದು ತನ್ನ ಗಲ್ಲೆಯಿಂದಲೆಂದು ಹೇಳುತ್ತಿದ್ದನೇನೋ.

ಆದರೆ ಅದೇ ಪಟ್ಟಿ ಪಿಗ್ಮಿಯಲ್ಲಿ ಅವರಿಗೆ ತಿರುಗಿ ಬಿದ್ದಿತು. ಏಜೆಂಟರು ಬಂದು, ಅಮ್ಮಾ, ಇನ್ನು ಮೇಲೆ ಹನ್ನೆರಡು ಪೈಸೆ ಕೊಟ್ಟರೆ ಸಾಕೆಂದು ಸಂತೋಷದ ವಾರ್ತೆಯಂತೆ ಹೇಳಿದಾಗ, ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ಎರಡಾಣೆಗೆ ಹನ್ನೆರಡೂವರೆ ಅಲ್ಲವಾ ಪಿಗ್ಮಿಯವರೇ? ಅರ್ಧ ಎಲ್ಲಿಗೆ ಹೋಯಿತು ಮಾರಾಯರೇ?” ಎಂದು ಕೇಳಿದರು. ಆತ ಪಟ್ಟಿಯನ್ನು ತೋರಿಸಿದ. ಪಟ್ಟಿ ನಾನೂ ನೋಡಿದ್ದೇನೆ, ಅರ್ಧ ಪೈಸೆಯನ್ನು ತೋರಿಸಿ ಎಂದರು. ಕಟ್ಟಕಡೆಗೆ ಅವರೇ ಪರಿಹಾರವನ್ನು ಕಂಡುಹಿಡಿದರು: ಒಂದು ದಿವಸ ಹನ್ನೆರಡು, ಮರುದಿವಸ ಹದಿಮೂರು. ಆ ವರ್ಷದ ಪುಸ್ತಕದ ಅಂಚಿನಲ್ಲಿ 12, 13, 12, 13 ಎಂಬ ಅಂಕಿಗಳು ಇರುವೆಯ ಸಾಲಿನಂತೆ ಕೆಳಗಿಳಿದಿವೆ.

ಹದಿನೇಳು ಪುಸ್ತಕಗಳನ್ನು ಮಗುಚಿ ನೋಡಿದರೂ ಅಮ್ಮನ ಸ್ವಂತದ್ದೆಂಬ ಶೀರ್ಷಿಕೆ ಕಾಣಲಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆಯ ಸಮೀಕ್ಷೆಯು, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುವರೆಂದು ಹೇಳುತ್ತದೆ. ಒರಳುಕಲ್ಲು, ಬಾವಿಯ ಹಗ್ಗ, ಸೌದೆಯ ಒಲೆಗಳ ಕಾಲದ ಅಮ್ಮನಿಗೆ 299 ಎಂಬುದು ಮಧ್ಯಾಹ್ನದೊಳಗೇ ತೀರಿಹೋಗುವ ಸಂಖ್ಯೆ. ನಮ್ಮ ತಂದೆಯವರ ಪಾಲಿಗಂತೂ ಆ 97 ಬಹಳ ಉದಾರವಾದ ಅಂದಾಜು.

ತಂದೆಯವರು ಉಯಿಲು ಬರೆಯದೆ 1998ರಲ್ಲಿ ತೀರಿಕೊಂಡರು. ಮನೆ ಗಂಡುಮಕ್ಕಳದೆಂದು ಬಂಧುಗಳು ಕೆಲವರು ಧಾರಾಳವಾಗಿ ತೀರ್ಪಿತ್ತರು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಉಯಿಲಿಲ್ಲದೆ ಮೃತನಾದ ಕ್ರೈಸ್ತನ ಆಸ್ತಿಯಲ್ಲಿ ಮೂರರಲ್ಲೊಂದು ಪಾಲು ವಿಧವೆಗೂ, ಮಿಕ್ಕ ಎರಡು ಪಾಲು ಮಕ್ಕಳಿಗೂ, ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ, ಸಲ್ಲತಕ್ಕದ್ದು. ಮಗಳಿಗೆ ಮಗನ ಪಾಲಿನ ಕಾಲು ಭಾಗ ಇಲ್ಲವೆ ಐದು ಸಾವಿರ ರೂಪಾಯಿ, ಯಾವುದು ಕಡಮೆಯೋ ಅಷ್ಟೇ ಎಂದಿದ್ದ ತಿರುವಾಂಕೂರಿನ ಹಳೆಯ ಶಾಸನವು 1986ರ ಮೇರಿ ರಾಯ್ ಮೊಕದ್ದಮೆಯ ತೀರ್ಪಿನಿಂದ ಬಿದ್ದುಹೋದುದನ್ನು ಅಮ್ಮ ಪತ್ರಿಕೆಯಲ್ಲಿ ಓದಿ ನೆನಪಿಟ್ಟುಕೊಂಡಿದ್ದರು. ಬಂಧುಗಳು ಚಹಾ ಕುಡಿದು ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ ನಮ್ಮ ನಾಲ್ವರ ಹೆಸರನ್ನೂ ವಯಸ್ಸಿನ ಕ್ರಮದಲ್ಲಿ, ಅಕ್ಕನಿಂದ ಮೊದಲುಮಾಡಿ, ಕಾಗದದ ಮೇಲೆ ಬರೆದರು. ಆ ಮಾತು ಮತ್ತೆ ಏಳಲಿಲ್ಲ.

ಇಷ್ಟು ಜಾಗರೂಕರಾದವರು ಒಂದೆಡೆ ಮರೆತರು. ಅಟ್ಟದಲ್ಲಿ ಸಿಕ್ಕಿದ ರಸೀದಿ 1995ರದು, ಮೊತ್ತ 3,500 ರೂಪಾಯಿ, ಹೆಸರು ಅಮ್ಮನದು, ನಾಮಿನಿ, ತಂದೆಯವರು. ತಂದೆಯವರು ಹೋದ ಮೇಲೆ ಆ ಹೆಸರನ್ನು ಬದಲಿಸಲಿಲ್ಲ. ನಮಗಾದರೂ ಅದರ ಸುದ್ದಿಯೇ ಇರಲಿಲ್ಲ. ಯಾವ ಬ್ಯಾಂಕೆಂಬುದನ್ನು ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಮೂರು ಬ್ಯಾಂಕುಗಳ ಹೆಸರುಗಳು 2019 ಮತ್ತು 2020ರ ವಿಲೀನಗಳಲ್ಲಿ ಅಳಿದುಹೋದುದರಿಂದ, ರಸೀದಿಯ ಮೇಲಿನ ಹೆಸರಿಗೂ ಕಟ್ಟಡದ ಮೇಲಿನ ಫಲಕಕ್ಕೂ ಸಂಬಂಧವಿಲ್ಲದ ಸ್ಥಿತಿ ಇಲ್ಲಿ ಹೊಸತಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿಯು 2014ರಿಂದ ಜಾರಿಯಲ್ಲಿರುವ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ವಿಶೇಷ ನಿಧಿಗೆ ವರ್ಗವಾಗುತ್ತದೆ; ನಮ್ಮದೂ ಹಾಗೆ ಹೋಗಿದ್ದಿತು. ಹೋದ ಹಣ ಮುಳುಗಿತೆಂದು ಅರ್ಥವಲ್ಲ, ವಾರಸುದಾರರು ಮೂಲ ಬ್ಯಾಂಕಿನಲ್ಲಿಯೇ ಯಾವಾಗ ಬೇಕಾದರೂ ಕೇಳಬಹುದು; ಆದರೆ ಬಡ್ಡಿ ಕ್ಷೀಣಿಸುತ್ತದೆ, 2021ರ ಮೇ ತಿಂಗಳಿಂದ ಅದು ಶೇಕಡ 3 ಮಾತ್ರ. ರಸೀದಿಯೂ ಸಿಕ್ಕದವರಿಗಾಗಿ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆದಿದೆ. ಮೃತರ ಹೆಸರನ್ನು ಕೊಟ್ಟು ಅದರಲ್ಲಿ ಹುಡುಕಬಹುದು.

ಶಾಖೆಯ ತರುಣ ಅಧಿಕಾರಿಗೆ ನಾಮಿನಿಯ ಮರಣಪತ್ರವನ್ನು ಕೊಟ್ಟಾಗ ಆತ ಠೇವಣಿದಾರರ ಮರಣಪತ್ರವನ್ನು ಕೇಳಿದ. ಅದನ್ನು ಕೊಟ್ಟಾಗ ವಂಶವೃಕ್ಷವನ್ನು, ಅದನ್ನೂ ಕೊಟ್ಟಾಗ ನ್ಯಾಯಾಲಯದ ಉತ್ತರಾಧಿಕಾರ ಪತ್ರವನ್ನು ಕೇಳಿದ. ಸಣ್ಣ ಮೊತ್ತಕ್ಕೆ ಅದು ಬೇಡ, ನಷ್ಟಭರ್ತಿ ಪತ್ರ ಸಾಕೆಂಬ ನಿಯಮ ಆ ಬ್ಯಾಂಕಿನಲ್ಲಿಯೇ ಇದೆಯೆಂದು ಮೇಲಿನವರಿಂದ ಹೇಳಿಸುವಷ್ಟರಲ್ಲಿ ಏಳು ತಿಂಗಳು ಕಳೆದವು. ನಾಮಿನಿಯೆಂದರೆ ಒಡೆಯನಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವ ಕೈ ಮಾತ್ರ. ಆ ಕೈಯೇ ಇಲ್ಲದಾದಾಗ ಈ ಪಾಡು. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಿದೆ, ಒಬ್ಬರ ಅನಂತರ ಒಬ್ಬರೆಂಬ ಕ್ರಮದಲ್ಲಿಯೂ ಸೂಚಿಸಬಹುದು. ಈ ವಾರ ನಿಮ್ಮ ರಸೀದಿಗಳನ್ನು ಹೊರತೆಗೆದು ನಾಮಿನಿ ಬದುಕಿರುವರೇ ಎಂದು ನೋಡಿಕೊಳ್ಳಿರಿ.

ಬಂದದ್ದು 23,417 ರೂಪಾಯಿ. ನಾವು ನಾಲ್ವರೂ ಅಕ್ಕನ ಮನೆಯ ಚಾವಡಿಯಲ್ಲಿ ಕೂಡಿದೆವು. ಎಂಬತ್ತು ದಾಟಿದ ಅಕ್ಕ ಕನ್ನಡಕವನ್ನು ಏರಿಸಿಕೊಂಡು, ಯಾರನ್ನೂ ಕೇಳದೆ, ಕಾಗದದ ಮೇಲ್ಗಡೆ ‘ದೇವರ ಪಾಲು’ ಎಂದು ಬರೆದು ಅದರ ಮುಂದೆ 2,341 ರೂಪಾಯಿ 70 ಪೈಸೆ ಎಂದು ನಮೂದಿಸಿದಳು. ಉಳಿದ 21,075 ರೂಪಾಯಿ 30 ಪೈಸೆಯನ್ನು ನಾಲ್ಕರಿಂದ ಭಾಗಿಸಲು ಒಬ್ಬೊಬ್ಬರಿಗೆ 5,268 ರೂಪಾಯಿ 82 ಪೈಸೆ ಬಂದು, ಮೇಲೆ ಅರ್ಧ ಪೈಸೆ ನಿಂತಿತು. ಇಪ್ಪತ್ತೈದು ಪೈಸೆ ಹಾಗೂ ಅದಕ್ಕೂ ಕಿರಿಯ ನಾಣ್ಯಗಳೆಲ್ಲ 2011ರ ಜೂನ್ ತಿಂಗಳಿಗೇ ರದ್ದಾಗಿವೆಯಲ್ಲ, ಇದನ್ನು ಬಿಟ್ಟುಬಿಡೋಣವೆಂದು ಅಣ್ಣನೆಂದ. ಅಕ್ಕ ಒಪ್ಪಲಿಲ್ಲ. ಖಾತೆಯಿಂದ ಖಾತೆಗೆ ಕಳುಹಿಸುವಾಗ ಪೈಸೆಗೆ ನಾಣ್ಯವೇಕೆ ಬೇಕೆಂದು ಮೊಮ್ಮಗ ಮೊಬೈಲನ್ನು ಹಿಡಿದು ಸಿದ್ಧನಾದ. ಅಕ್ಕ ಸ್ವಲ್ಪ ಹೊತ್ತು ಪೆನ್ಸಿಲನ್ನು ಹಲ್ಲಿಗೆ ಒತ್ತಿಕೊಂಡಿದ್ದು, ಆಮೇಲೆ ನಮ್ಮ ನಾಲ್ವರ ಹೆಸರುಗಳನ್ನು ವಯಸ್ಸಿನ ಕ್ರಮದಲ್ಲಿ ಬರೆದು, ಪೈಸೆಯ ಮನೆಯಲ್ಲಿ ಒಂದರ ಕೆಳಗೊಂದಾಗಿ 82, 83, 82, 83 ಎಂದು ತುಂಬಿದಳು. ನಾನು ಮೂರನೆಯವನು, ನನಗೆ 82 ಬಂದಿತು.