ಕರೆಗೂ ಉಂಟು ಲೆಕ್ಕಪರಿಶೋಧನೆ: ದೂರವಾಣಿ ಚಿಪ್ ಸಂಕೇತ ಪೊಟ್ಟಣಗಳನ್ನು ತಾಳೆ ನೋಡುವ ಬಗೆ

ಏಕಕಾಲಕ್ಕೆ ಮೂವತ್ತು ಕರೆಗಳನ್ನು ಹೊರಬಲ್ಲ ಪಿ.ಆರ್.ಐ. ಮಾರ್ಗವನ್ನು ಅನೇಕ ಕಾರ್ಖಾನೆಗಳೂ ಸಗಟು ವ್ಯಾಪಾರ ಸಂಸ್ಥೆಗಳೂ ತಮ್ಮ ಇ.ಪಿ.ಎ.ಬಿ.ಎಕ್ಸ್. ಯಂತ್ರಕ್ಕೆ ಜೋಡಿಸಿಕೊಂಡಿವೆ. ಅಂತರ್ಜಾಲ ಆಧಾರಿತ ಮಾರ್ಗಗಳು ಬಂದ ಮೇಲೂ ಇವು ಸಂಪೂರ್ಣವಾಗಿ ಮರೆಯಾಗಿಲ್ಲ. ಇಂತಹ ಮಾರ್ಗದಲ್ಲಿ ಒಳಬರುವ ಕರೆಗಳು ಆಗಾಗ್ಗೆ ವಿಫಲವಾದಾಗ ಸೇವಾ ಸಂಸ್ಥೆಯವರು ಯಂತ್ರವನ್ನು ದೂರುತ್ತಾರೆ. ಯಂತ್ರ ಮಾರಿದವರು ಮಾರ್ಗವನ್ನು ದೂರುತ್ತಾರೆ. ಆದೇಶ ಕಳೆದುಕೊಳ್ಳುವವರೂ, ಎರಡೂ ಕಡೆಯ ಬಿಲ್ಲು ತೆರುವವರೂ ವ್ಯಾಪಾರಿಗಳೇ. ಈ ವಿವಾದದಲ್ಲಿ ಪಕ್ಷಪಾತವಿಲ್ಲದ ಸಾಕ್ಷಿ ಒಂದಿದೆ. ಅದು ಯಂತ್ರದೊಳಗಿನ ಟ್ರಾನ್ಸೀವರ್ ಚಿಪ್. ಅದರ ಕಾರ್ಯವಿಧಾನವನ್ನು ಅರಿತರೆ ಅದರ ಸಾಕ್ಷ್ಯವನ್ನು ಓದುವುದು ಕಷ್ಟವಲ್ಲ.

ಮಾರ್ಗದ ರಚನೆ

ಭಾರತದಲ್ಲಿ ಬಳಕೆಯಲ್ಲಿರುವ ಪಿ.ಆರ್.ಐ. ಮಾರ್ಗವು ಇ-1 ಎಂಬ ಮಾನಕವನ್ನು ಅನುಸರಿಸುತ್ತದೆ. ಇದರಲ್ಲಿ ಸೆಕೆಂಡಿಗೆ 20,48,000 ಬಿಟ್‌ಗಳು ಹರಿಯುತ್ತವೆ. ಈ ಹರಿವನ್ನು ಸೆಕೆಂಡಿಗೆ 8,000 ಚೌಕಟ್ಟುಗಳಾಗಿಯೂ, ಪ್ರತಿ ಚೌಕಟ್ಟನ್ನು ತಲಾ 8 ಬಿಟ್‌ಗಳ 32 ಅಂಕಣಗಳಾಗಿಯೂ ವಿಂಗಡಿಸಲಾಗಿದೆ. ಸೊನ್ನೆಯ ಅಂಕಣವು ಚೌಕಟ್ಟಿನ ಆರಂಭವನ್ನು ಗುರುತಿಸಲು ಮೀಸಲು. ಹದಿನಾರನೆಯ ಅಂಕಣವು ಸಂಕೇತಗಳಿಗೆ ಮೀಸಲು. ಉಳಿದ 30 ಅಂಕಣಗಳಲ್ಲಿ ಮಾತು ಸಾಗುತ್ತದೆ. ಯಾರು ಯಾರನ್ನು ಕರೆಯುತ್ತಿದ್ದಾರೆ, ಕರೆ ಯಾವ ಅಂಕಣದಲ್ಲಿ ಸಾಗಬೇಕು, ಯಾವಾಗ ಮುಗಿಯಿತು ಎಂಬ ಎಲ್ಲ ವಿವರಗಳೂ ಆ ಒಂದೇ ಸಂಕೇತ ಅಂಕಣದಲ್ಲಿ ಪೊಟ್ಟಣಗಳ ರೂಪದಲ್ಲಿ ಬರುತ್ತವೆ. ಆದುದರಿಂದ ಅಲ್ಲಿ ತಪ್ಪು ನುಸುಳಿದರೆ ಮೂವತ್ತು ಕರೆಗಳಿಗೂ ತೊಂದರೆ.

ಮೊದಲನೆಯ ತಾಳೆ: ಆದಿ ಮತ್ತು ಅಂತ್ಯ

ಚಿಪ್ ಮೊದಲು ತಂತಿಯ ಮೇಲಿನ ವಿದ್ಯುತ್ ಸ್ಪಂದನಗಳಿಂದ ಗಡಿಯಾರದ ಲಯವನ್ನೂ ಬಿಟ್‌ಗಳನ್ನೂ ಬೇರ್ಪಡಿಸಿಕೊಳ್ಳುತ್ತದೆ. ಬಳಿಕ ಚೌಕಟ್ಟನ್ನು ಗುರುತಿಸಿ, ಹದಿನಾರನೆಯ ಅಂಕಣದ ಬಿಟ್‌ಗಳನ್ನು ಮಾತ್ರ ತನ್ನ ಪೊಟ್ಟಣ ವಿಭಾಗಕ್ಕೆ ಸಾಗಿಸುತ್ತದೆ. ಪ್ರತಿ ಪೊಟ್ಟಣದ ಆದಿಯಲ್ಲಿಯೂ ಅಂತ್ಯದಲ್ಲಿಯೂ 01111110 ಎಂಬ ಗುರುತು ಇರುತ್ತದೆ. ಇದನ್ನು ಫ್ಲ್ಯಾಗ್ ಎನ್ನುತ್ತಾರೆ. ಪೊಟ್ಟಣದ ಒಳಗಿನ ವಿವರದಲ್ಲಿ ಇದೇ ವಿನ್ಯಾಸ ಆಕಸ್ಮಿಕವಾಗಿ ಬಾರದಂತೆ, ಕಳುಹಿಸುವವರು ಸತತ ಐದು ಒಂದುಗಳ ನಂತರ ಒಂದು ಸೊನ್ನೆಯನ್ನು ಸೇರಿಸುತ್ತಾರೆ; ಸ್ವೀಕರಿಸುವ ಚಿಪ್ ಅದನ್ನು ತೆಗೆದುಹಾಕುತ್ತದೆ. ಸತತ ಏಳು ಅಥವಾ ಹೆಚ್ಚು ಒಂದುಗಳು ಬಂದರೆ ಪೊಟ್ಟಣ ನಡುವೆಯೇ ರದ್ದಾಯಿತೆಂದು ತಿಳಿಯುತ್ತದೆ. ಒಟ್ಟು ಬಿಟ್‌ಗಳನ್ನು ಎಂಟರಿಂದ ಭಾಗಿಸಿದಾಗ ಶೇಷ ಉಳಿದರೂ, ಪೊಟ್ಟಣ ನಿಯಮಕ್ಕಿಂತ ಚಿಕ್ಕದಾಗಿದ್ದರೂ ಅದು ಅಸಿಂಧು.

ಎರಡನೆಯ ತಾಳೆ: ಪರಿಶೀಲನಾ ಮೊತ್ತ

ಜಿ.ಎಸ್.ಟಿ. ಗುರುತಿನ ಸಂಖ್ಯೆಯ ಹದಿನೈದನೆಯ ಅಕ್ಷರವು ಹಿಂದಿನ ಹದಿನಾಲ್ಕರಿಂದ ಲೆಕ್ಕಹಾಕಿ ಬರೆದ ಪರಿಶೀಲನಾ ಅಕ್ಷರವೆಂಬುದು ಸದಸ್ಯರಿಗೆ ತಿಳಿದ ಸಂಗತಿ. ಪೊಟ್ಟಣದ ಕೊನೆಯಲ್ಲಿಯೂ ಇಂತಹುದೇ 16 ಬಿಟ್‌ಗಳ ಪರಿಶೀಲನಾ ಮೊತ್ತವಿರುತ್ತದೆ. ಕಳುಹಿಸುವವರು ಪೊಟ್ಟಣವನ್ನು ಒಂದು ದೊಡ್ಡ ಸಂಖ್ಯೆಯಂತೆ ಭಾವಿಸಿ, ನಿಗದಿತ ಭಾಜಕದಿಂದ ವಿಶಿಷ್ಟ ರೀತಿಯಲ್ಲಿ ಭಾಗಿಸಿ, ಶೇಷದ ಆಧಾರದಿಂದ ಈ ಮೊತ್ತವನ್ನು ಬರೆಯುತ್ತಾರೆ. ಚಿಪ್ ಬಿಟ್‌ಗಳು ಬಂದಂತೆ ಬಂದಂತೆ ಅದೇ ಭಾಗಾಕಾರ ಮಾಡುತ್ತದೆ. ದೋಷವಿಲ್ಲದಿದ್ದರೆ ಕೊನೆಗೆ ಉಳಿಯಬೇಕಾದ ಶೇಷ 0001110100001111. ಒಂದೇ ಬಿಟ್ ಬದಲಾಗಿದ್ದರೂ, ಹದಿನಾರು ಬಿಟ್‌ಗಳೊಳಗಿನ ಸತತ ಭಾಗ ಕೆಟ್ಟಿದ್ದರೂ ಈ ಕ್ರಮ ತಪ್ಪದೆ ಹಿಡಿಯುತ್ತದೆ. ಸಂಪೂರ್ಣ ಅಸ್ತವ್ಯಸ್ತವಾದ ಪೊಟ್ಟಣವು ಕಣ್ತಪ್ಪಿ ಪಾರಾಗುವ ಸಂಭವ ಸುಮಾರು 65,536ರಲ್ಲಿ ಒಂದು ಮಾತ್ರ.

ಆದರೆ ಇದರ ಮಿತಿಯನ್ನೂ ಅರಿಯಬೇಕು. ಗುರುತಿನ ಸಂಖ್ಯೆ ತಾಳೆಯಾದ ಮಾತ್ರಕ್ಕೆ ಮಾರಾಟಗಾರ ಪ್ರಾಮಾಣಿಕನೆಂದಾಗದು. ಹಾಗೆಯೇ ಮೊತ್ತ ತಾಳೆಯಾದರೆ ಕಳುಹಿಸಿದ್ದು ಕಳುಹಿಸಿದಂತೆ ತಲುಪಿತೆಂದಷ್ಟೇ ಅರ್ಥ. ಕಳುಹಿಸಿದ್ದೇ ಸರಿಯಾಗಿತ್ತೆಂದು ಅರ್ಥವಲ್ಲ.

ಮೂರನೆಯ ತಾಳೆ: ಕ್ರಮಸಂಖ್ಯೆ

ಅಸಿಂಧು ಪೊಟ್ಟಣವನ್ನು ತಿರಸ್ಕರಿಸಿದಾಗ ಕಳುಹಿಸಿದವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಕೆಟ್ಟುಹೋದ ಪೊಟ್ಟಣದ ವಿಳಾಸವನ್ನೂ ನಂಬಲಾಗದು ಎಂಬುದನ್ನು ನೆನೆದರೆ ಈ ಮೌನ ಸಕಾರಣವೆನಿಸುತ್ತದೆ. ಹಾಗಾದರೆ ಕಳೆದ ಪೊಟ್ಟಣ ಪತ್ತೆಯಾಗುವುದು ಹೇಗೆ? ರಸೀದಿ ಪುಸ್ತಕದಂತೆ ಪ್ರತಿ ಮಾಹಿತಿ ಪೊಟ್ಟಣಕ್ಕೂ 0ಯಿಂದ 127ರವರೆಗೆ ಮರುಕಳಿಸುವ ಕ್ರಮಸಂಖ್ಯೆ ಇದೆ. ಐದನೆಯದು ಬಾರದೆ ಆರನೆಯದು ಬಂದರೆ ಐದರಿಂದ ಮತ್ತೆ ಕಳುಹಿಸುವಂತೆ ಕೇಳಲಾಗುತ್ತದೆ. ಸ್ವೀಕೃತಿಯೇ ಬಾರದಿದ್ದರೆ, ರೂಢಿಯ ನಿಗದಿಯಂತೆ, ಒಂದು ಸೆಕೆಂಡಿನ ಬಳಿಕ ಕಳುಹಿಸಿದವರೇ ವಿಚಾರಿಸುತ್ತಾರೆ. ಮೂರು ಮರುಪ್ರಯತ್ನಗಳೂ ವಿಫಲವಾದರೆ ಸಂಪರ್ಕವನ್ನು ಹೊಸದಾಗಿ ಸ್ಥಾಪಿಸಬೇಕಾಗುತ್ತದೆ. ಈ ಮೂರನೆಯ ತಾಳೆಯನ್ನು ಸಾಮಾನ್ಯವಾಗಿ ಚಿಪ್‌ನ ಹಿಂದಿರುವ ತಂತ್ರಾಂಶ ನಿರ್ವಹಿಸುತ್ತದೆ.

ಎಣಿಕೆಗಳನ್ನು ಓದುವ ಬಗೆ

ಮರುರವಾನೆಯ ಈ ಸೌಲಭ್ಯದಿಂದಾಗಿ ಸಣ್ಣಪುಟ್ಟ ದೋಷಗಳು ಬಳಕೆದಾರರ ಅರಿವಿಗೆ ಬಾರದೆ ಸರಿಹೋಗುತ್ತವೆ. ಅರಿವಿಗೆ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ. ಆದರೆ ದೋಷಗಳ ಎಣಿಕೆಯನ್ನು ಚಿಪ್ ಮತ್ತು ಅದರ ತಂತ್ರಾಂಶ ದಾಖಲಿಸುತ್ತಿರುತ್ತವೆ. ಇ-1 ಮಾರ್ಗದಲ್ಲಿ ಸೊನ್ನೆಯ ಅಂಕಣದ ಮೂಲಕ ಸಿ.ಆರ್.ಸಿ.-4 ಎಂಬ ಪ್ರತ್ಯೇಕ ಪರಿಶೀಲನೆಯನ್ನು ಅಳವಡಿಸಿದ್ದರೆ, ಇಡೀ ಹರಿವು ಸೆಕೆಂಡಿಗೆ 1,000 ಬಾರಿ ಪರೀಕ್ಷೆಗೊಳಗಾಗುತ್ತದೆ. ಆ ಎಣಿಕೆಯೂ ಪೊಟ್ಟಣದ ಮೊತ್ತ ದೋಷಗಳ ಎಣಿಕೆಯೂ ಒಟ್ಟಿಗೆ ಏರುತ್ತಿದ್ದರೆ ತಂತಿ, ಜೋಡಣೆ ಅಥವಾ ಗಡಿಯಾರದ ಹೊಂದಾಣಿಕೆಯತ್ತ ಮೊದಲು ನೋಡಬೇಕು. ಸಿ.ಆರ್.ಸಿ.-4 ಶುದ್ಧವಾಗಿದ್ದು ಓವರ್‌ರನ್ ಎಂಬ ಎಣಿಕೆ ಮಾತ್ರ ಏರುತ್ತಿದ್ದರೆ, ಬಂದ ಪೊಟ್ಟಣಗಳನ್ನು ಚಿಪ್‌ನ ಉಗ್ರಾಣದಿಂದ ಯಂತ್ರ ಸಕಾಲದಲ್ಲಿ ಎತ್ತಿಕೊಳ್ಳುತ್ತಿಲ್ಲವೆಂದು ಅರ್ಥ. ಮೊದಲನೆಯದರಲ್ಲಿ ಸೇವಾ ಸಂಸ್ಥೆಯವರೂ ಯಂತ್ರದವರೂ ಕೂಡಿ ಪರೀಕ್ಷಿಸಬೇಕು. ಎರಡನೆಯದರ ಹೊಣೆ ಯಂತ್ರದವರದು.

ಸದಸ್ಯರು ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವಾಗ ಈ ಎಣಿಕೆಗಳ ಮಾಸಿಕ ವರದಿಯನ್ನು ಷರತ್ತಾಗಿ ಸೇರಿಸುವುದು ಒಳಿತು. ದೂರು ನೀಡುವಾಗ ದಿನಾಂಕ, ವೇಳೆ ಹಾಗೂ ಎಣಿಕೆಯ ಪ್ರತಿಯನ್ನು ಲಗತ್ತಿಸಬೇಕು. ದುರಸ್ತಿಯಾದ ಬಳಿಕ ಎಣಿಕೆಯನ್ನು ಸೊನ್ನೆಗೆ ತಂದು, ಒಂದು ವಾರ ಗಮನಿಸಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕುವುದು ಕ್ಷೇಮ.